ಪರೀಕ್ಷೆ ಯಾಕೆ ಸ್ವಾಮಿ, ಜನಗಣತಿ ಇದೆಯಲ್ಲ!

ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನು ನಿಲ್ಲಿಸಿಬಿಡಿ ಅಂತ ಸರ್ಕಾರಕ್ಕೆ ಒಂದು ಮನವಿ ಬರೆಯುತ್ತಿದ್ದೇನೆ. ಮಕ್ಕಳ ಮೇಲೆ ಒತ್ತಡ, ಬಾಲ್ಯ ಹಾಳಾಯಿತು ಅನ್ನುವ ಹಳೇ ರಾಗ ಅದರಲ್ಲಿಲ್ಲ. ನನ್ನದು ಶುದ್ಧ ಖರ್ಚಿನ ಲೆಕ್ಕ. ಪ್ರಶ್ನೆಪತ್ರಿಕೆ ಅಚ್ಚು ಹಾಕಿಸಬೇಕು, ಖಜಾನೆಯಲ್ಲಿ ಬೀಗ ಜಡಿದು ಇಡಬೇಕು, ಪೊಲೀಸ್ ಕಾವಲು ಕೊಡಬೇಕು, ಕೊಠಡಿಗೆ ಕ್ಯಾಮೆರಾ ಹಾಕಬೇಕು, ಮೌಲ್ಯಮಾಪನಕ್ಕೆ ಬಂದ ಮೇಷ್ಟ್ರುಗಳಿಗೆ ಭತ್ಯೆ ಕೊಡಬೇಕು. ಇಷ್ಟೆಲ್ಲ ಮಾಡಿ ಕೊನೆಗೆ ಕಂಡುಹಿಡಿಯುವುದೇನು? ಜನಗಣತಿಯವರು 2011ರಲ್ಲೇ ಬರೆದಿಟ್ಟು ಹೋದದ್ದನ್ನು.

ನೀವೇ ನೋಡಿ. 2011ರಲ್ಲಿ ಸಾಕ್ಷರತೆಯಲ್ಲಿ ರಾಜ್ಯಕ್ಕೆ ದಕ್ಷಿಣ ಕನ್ನಡ ಮೊದಲು, ಶೇ. 88.57. ಉಡುಪಿ ಮೂರನೆಯದು, ಶೇ. 86.24. ಕಟ್ಟಕಡೆಗೆ ಯಾದಗಿರಿ, ಶೇ. 51.83. ಈಗ 2024ರ ಎಸ್ಸೆಸ್ಸೆಲ್ಸಿ ಫಲಿತಾಂಶ ತೆಗೆಯಿರಿ. ಉಡುಪಿ ಮೊದಲು, ಶೇ. 94. ದಕ್ಷಿಣ ಕನ್ನಡ ಎರಡನೆಯದು. ಕಟ್ಟಕಡೆಗೆ ಯಾದಗಿರಿ, ಶೇ. 50.59. ಎರಡು ಹಾಳೆಯನ್ನೂ ಪಕ್ಕಪಕ್ಕ ಇಟ್ಟರೆ ಒಬ್ಬ ಇನ್ನೊಬ್ಬನದನ್ನು ನೋಡಿ ಬರೆದಿದ್ದಾನೆ ಅಂತ ಯಾವ ಸ್ಕ್ವಾಡ್‌ನವರಾದರೂ ಡಿಬಾರ್ ಮಾಡಿಯಾರು. ಸಾಕ್ಷರತೆಯಲ್ಲಿ ಎರಡನೇ ಸ್ಥಾನದಲ್ಲಿದ್ದ ಬೆಂಗಳೂರು ನಗರ ಮಾತ್ರ ಫಲಿತಾಂಶದಲ್ಲಿ ಮೊದಲ ಮೂರರೊಳಗೆ ಬರಲಿಲ್ಲ. ಸಿಲ್ಕ್ ಬೋರ್ಡ್ ಹತ್ತಿರ ಸಿಕ್ಕಿಹಾಕಿಕೊಂಡಿರಬೇಕು.

2024ರಲ್ಲಿ ಪರೀಕ್ಷೆ ಬರೆದ ಯಾದಗಿರಿಯ ಹುಡುಗನಿಗೆ 2011ರಲ್ಲಿ ಎರಡೋ ಮೂರೋ ವರ್ಷ. ಅವನ ಫಲಿತಾಂಶ ಆಗಲೇ ಹೊರಬಿದ್ದಿತ್ತು, ಪಾಪ ಅವನಿಗೆ ಯಾರೂ ಹೇಳಿರಲಿಲ್ಲ. ಆ ವಯಸ್ಸಿನಲ್ಲೇ ಸ್ವಲ್ಪ ಕಷ್ಟಪಟ್ಟು ಅಪ್ಪ ಅಮ್ಮನಿಗೆ ಅಕ್ಷರ ಕಲಿಸಿದ್ದರೆ ಜಿಲ್ಲೆಯ ಮಾನ ಉಳಿಯುತ್ತಿತ್ತು. ಕಲಿಸಲಿಲ್ಲ. ತೊಟ್ಟಿಲಲ್ಲಿ ಮಲಗಿ ಕಾಲ ಕಳೆದ. ಇಂಥವರಿಗೆ ಶ್ರಮದ ಬೆಲೆ ಹೇಗೆ ಗೊತ್ತಾಗಬೇಕು?

2025ರಲ್ಲಿ ಒಂದು ಬದಲಾವಣೆ ಆಯಿತು. ಯಾದಗಿರಿ ಕೊನೆಯ ಸ್ಥಾನವನ್ನು ಕಲಬುರಗಿಗೆ ಬಿಟ್ಟುಕೊಟ್ಟಿತು. 2009ರ ಕೊನೆಯವರೆಗೂ ಯಾದಗಿರಿ ಇದ್ದದ್ದು ಕಲಬುರಗಿ ಜಿಲ್ಲೆಯ ಒಳಗೇ. ಆಸ್ತಿ ಪಾಲಾದ ಮೇಲೂ ಅಣ್ಣ ತಮ್ಮ ಹೀಗೆ ಕಷ್ಟಸುಖ ಹಂಚಿಕೊಳ್ಳುವುದು ಈ ಕಾಲದಲ್ಲಿ ಅಪರೂಪ.

ಫಲಿತಾಂಶದ ದಿನ ನಡೆಯುವ ಪೂಜೆ ಮಾತ್ರ ಪ್ರತಿ ವರ್ಷ ಒಂದೇ. ಜಿಲ್ಲೆಗಳ ಪಟ್ಟಿ ಬರುತ್ತದೆ. ಮೇಲಿನವರು ಬುದ್ಧಿವಂತರ ಜಿಲ್ಲೆ ಅನ್ನಿಸಿಕೊಳ್ಳುತ್ತಾರೆ. ಕೆಳಗಿನ ಜಿಲ್ಲೆಯ ಡಿಡಿಪಿಐಗೆ, ಅಂದರೆ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ, ಕಾರಣ ಕೇಳಿ ನೋಟಿಸ್ ಹೋಗುತ್ತದೆ. ಅವರು ತಾಲೂಕಿನ ಶಿಕ್ಷಣಾಧಿಕಾರಿ ಬಿಇಒಗೆ ಕೊಡುತ್ತಾರೆ, ಬಿಇಒ ಹೆಡ್‌ಮಾಸ್ಟರಿಗೆ ಕೊಡುತ್ತಾರೆ, ಹೆಡ್‌ಮಾಸ್ಟರು ಜೂನ್ ಕಳೆದ ಮೇಲೆ ನೇಮಕವಾದ ಗಣಿತದ ಅತಿಥಿ ಶಿಕ್ಷಕನ ಮುಖ ನೋಡುತ್ತಾರೆ. ಕಾರಣ ಗೊತ್ತಿಲ್ಲದ್ದೇನೂ ಅಲ್ಲ. ಪ್ರಾದೇಶಿಕ ಅಸಮತೋಲನ ಅಳೆಯಲು ಸರ್ಕಾರವೇ ನೇಮಿಸಿದ ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ ಪುಟಗಟ್ಟಲೆ ಬರೆದುಕೊಟ್ಟಿದೆ. ರಾಜ್ಯದ 175 ತಾಲೂಕುಗಳಲ್ಲಿ 114 ಹಿಂದುಳಿದವು, ಅದರಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ 21 ಕಲಬುರಗಿ ವಿಭಾಗದವು. ಆ ವರದಿ ಬಂದ ವರ್ಷ ಈ ಮಕ್ಕಳು ಹುಟ್ಟೇ ಇರಲಿಲ್ಲ. ಹುಟ್ಟುವ ಮೊದಲೇ ಬಂದ ಫಲಿತಾಂಶಕ್ಕೆ ಹದಿನಾರನೇ ವಯಸ್ಸಿನಲ್ಲಿ ಹಾಲ್ ಟಿಕೆಟ್ ಕೊಡುವ ವ್ಯವಸ್ಥೆ ನಮ್ಮದು.

ಗುಳೆ ಹೋಗುವ ಮನೆಗಳಿಗೆ ನೋಟಿಸ್ ಕೊಡುವುದಿಲ್ಲ. ಬಾಗಿಲಿಗೆ ಬೀಗ ಇರುತ್ತದೆ, ಯಾರಿಗೆ ಅಂತ ಕೊಡೋದು?

ಶ್ರಮದ ವಿಷಯ ಬಂತಲ್ಲ, ಅದರದ್ದೂ ಒಂದು ವಿಚಿತ್ರ ಇದೆ. 2023ರಲ್ಲಿ ರಾಜ್ಯದ ಫಲಿತಾಂಶ ಶೇ. 83.89. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ನಮ್ಮ ಮಕ್ಕಳ ಶ್ರಮಕ್ಕೆ ಸಂಕೋಚ ಜಾಸ್ತಿ ಅಂತ ಕಾಣುತ್ತೆ, ಕ್ಯಾಮೆರಾ ನೋಡಿ ಒಳಗೆ ಬರಲೇ ಇಲ್ಲ. ಆಗ ಇಲಾಖೆಯೇ ಕೈ ಹಿಡಿಯಿತು. ಕೃಪಾಂಕವನ್ನು ಶೇ. 5ರಿಂದ ಶೇ. 20ಕ್ಕೆ ಏರಿಸಿದರು, ಅದನ್ನು ಪಡೆಯಲು ಬೇಕಾದ ಕನಿಷ್ಠ ಅಂಕವನ್ನು ಶೇ. 35ರಿಂದ 25ಕ್ಕೆ ಇಳಿಸಿದರು. ಅಷ್ಟು ಮಾಡಿದ ಮೇಲೂ ಸಿಕ್ಕಿದ್ದು ಶೇ. 73.40. ಸ್ವಂತ ಪರಿಶ್ರಮ ಅಂದರೆ ಎಷ್ಟು ಅಂತ ರಾಜ್ಯ ಮೊದಲ ಬಾರಿಗೆ ಅಳೆದದ್ದು ಆವಾಗಲೇ. ಅಳತೆ ಯಾರಿಗೂ ಹಿಡಿಸಲಿಲ್ಲ, ಅದು ಬೇರೆ ಮಾತು.

ನನ್ನ ಯೋಜನೆ ಸರಳವಾಗಿದೆ. ಮಗು ಹುಟ್ಟಿದ ದಿನವೇ ಜನನ ಪ್ರಮಾಣ ಪತ್ರದ ಜೊತೆಗೆ ಅಂಕಪಟ್ಟಿಯನ್ನೂ ಕೊಟ್ಟುಬಿಡುವುದು. ಒಟ್ಟು ಅಂಕ ಈಗಿನಂತೆಯೇ 625. ಅಮ್ಮ ಡಿಗ್ರಿ ಓದಿದ್ದರೆ ಪ್ರಥಮ ಭಾಷೆಯ 125 ಪೂರ್ತಿ. ಅಪ್ಪ ಇಂಗ್ಲಿಷ್ ಪೇಪರ್ ತರಿಸುತ್ತಿದ್ದರೆ ದ್ವಿತೀಯ ಭಾಷೆ ಪಾಸು, ಓದುತ್ತಿದ್ದರೆ ಫಸ್ಟ್ ಕ್ಲಾಸು. ಮನೆಯಲ್ಲಿ ಮಗುವಿಗೆ ಅಂತ ಒಂದು ಟೇಬಲ್ಲು, ಅದರ ಮೇಲೆ ಒಂದು ದೀಪ, ಟಿವಿ ಬೇರೆ ರೂಮಿನಲ್ಲಿ ಇದ್ದರೆ ಗಣಿತಕ್ಕೆ 80. ಗಣಿತ ಗೊತ್ತಿರುವ ಸೋದರಮಾವ ವಾರಕ್ಕೊಮ್ಮೆ ಊಟಕ್ಕೆ ಬರುವಂತಿದ್ದರೆ ಉಳಿದ 20 ಆಂತರಿಕ ಅಂಕ. ದನ ಹೊಡೆದುಕೊಂಡು ಬರುವುದು, ತಂಗಿಯನ್ನು ಎತ್ತಿಕೊಳ್ಳುವುದು, ಹತ್ತಿ ಬಿಡಿಸಲು ಹೋಗುವುದು ಇವೆಲ್ಲ ಪಠ್ಯೇತರ ಚಟುವಟಿಕೆ. ಅವಕ್ಕೆ ಅಂಕ ಇಲ್ಲ, ಶ್ಲಾಘನೆ ಇದೆ.

ಇದನ್ನು ನಮ್ಮ ಬೀದಿಯ ನಿವೃತ್ತ ಇಂಜಿನಿಯರೊಬ್ಬರಿಗೆ ಓದಿ ಹೇಳಿದೆ. ಅವರು ಕಾಫಿ ಲೋಟ ಕೆಳಗಿಟ್ಟರು.

“ಏನ್ರೀ ಇದು, ತಲೆ ನೆಟ್ಟಗಿದೆಯಾ? ಹಾಗಾದರೆ ಕಷ್ಟಪಟ್ಟು ಓದಿದವರ ಗತಿ? ನಮ್ಮಪ್ಪ ಏನೂ ಇಲ್ಲದೆ ಬಂದವರು. ವಾರಾನ್ನ ಉಂಡು ಓದಿದರು, ಗೊತ್ತಾ?”

“ಗೊತ್ತು ಸಾರ್. ಸೋಮವಾರ ಯಾರ ಮನೆ?”

“ಅದೆಲ್ಲ ನನಗೆಲ್ಲಿ ನೆನಪಿರುತ್ತೆ?”

ಯಾರಿಗೂ ನೆನಪಿರುವುದಿಲ್ಲ. ವಾರದ ಏಳು ದಿನ ಏಳು ಮನೆಯ ಹೆಂಗಸರು ಅನ್ನ ಮಾಡಿ ಎಲೆ ಹಾಕಿ ಬಡಿಸಿದ್ದಾರೆ. ಅಷ್ಟು ಕೈಗಳು ಸೇರಿ ಸಾಕಿದ ಹುಡುಗ ಮುಂದೆ ‘ಸ್ವಂತ ಕಾಲ ಮೇಲೆ ನಿಂತವರು’ ಆಗಿ ಫೋಟೋ ಆಗುತ್ತಾನೆ. ಸರಿ, ಬಡವರೇ ಆಗಿದ್ದರು, ಹಸಿದೇ ಇದ್ದರು, ಅದರಲ್ಲಿ ಅನುಮಾನ ಇಲ್ಲ. ಆದರೆ ಆ ಏಳು ಮನೆಗಳ ಬಾಗಿಲು ಅದೇ ಊರಿನ, ಅಷ್ಟೇ ಹಸಿದ, ಬೇರೆ ಕೇರಿಯ ಹುಡುಗನಿಗೆ ಒಂದು ದಿನಕ್ಕಾದರೂ ತೆರೆಯುತ್ತಿತ್ತೇ? ಇದನ್ನು ಕೇಳಿದ್ದಕ್ಕೆ ಅವರು ಕಾಫಿ ತಣ್ಣಗಾಯಿತು ಅಂತ ಒಳಗೆ ಹೋದರು.

ಆಮೇಲೆ ಹಾಸ್ಟೆಲ್‌ಗಳು ಬಂದವು. ಮಠದವರು ಕಟ್ಟಿದರು, ಜಾತಿ ಸಂಘದವರು ಕಟ್ಟಿದರು, ಸರ್ಕಾರ ಕಟ್ಟಿತು. ಸಿದ್ಧಗಂಗೆಯಲ್ಲಿ ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ದಿನಾ ದಾಸೋಹ ನಡೆಯಿತು. ಅಲ್ಲೆಲ್ಲ ಉಂಡು ಓದಿದವರಲ್ಲಿ ಎಷ್ಟೋ ಜನ ಈಗ ವೇದಿಕೆ ಹತ್ತಿ, ಪುಕ್ಕಟೆ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ ಅಂತ ಭಾಷಣ ಮಾಡುತ್ತಿದ್ದಾರೆ. ಇಲ್ಲಿ ಮಾತ್ರ ಅನ್ನದ ಋಣ ಅಜೀರ್ಣವಾಗುತ್ತದೆ.

ಪ್ರತಿಭಾ ಪುರಸ್ಕಾರಕ್ಕೆ ಹೋದವರಿಗೆ ಬೀದಿ ದೀಪದ ಕಥೆ ಬಾಯಿಪಾಠ. ಮುಖ್ಯ ಅತಿಥಿಗಳು ಮೈಕ್ ಹಿಡಿದ ಐದನೇ ನಿಮಿಷಕ್ಕೆ ಮುದ್ದೇನಹಳ್ಳಿಯ ಹುಡುಗ ವಿಶ್ವೇಶ್ವರಯ್ಯ ಬೀದಿ ದೀಪದ ಕೆಳಗೆ ಕೂತು ಓದತೊಡಗುತ್ತಾರೆ. ಬೆಂಗಳೂರಿನ ಬೀದಿಗೆ ಕರೆಂಟಿನ ದೀಪ ಬಂದದ್ದು 1905ರಲ್ಲಿ, ಅವರು ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದ್ದು 1881ರಲ್ಲಿ. ಹಾಗಾಗಿ ಕಥೆ ನಿಜವೇ ಆಗಿದ್ದರೆ ಅದು ಎಣ್ಣೆ ದೀಪ. ದಿನಾ ಸಂಜೆ ಯಾರೋ ಒಬ್ಬ ಏಣಿ ಹೊತ್ತುಕೊಂಡು ಬಂದು ಹಚ್ಚಿರಬೇಕು. ಅವನಿಗಾಗಲಿ, ಎಣ್ಣೆ ಕೊಡಿಸಿದ ಮುನಿಸಿಪಾಲಿಟಿಗಾಗಲಿ ಯಾರಾದರೂ ಶಾಲು ಹೊದಿಸಿದ್ದು ನಾನಂತೂ ಕಂಡಿಲ್ಲ. ಅದೇ ವಿಶ್ವೇಶ್ವರಯ್ಯನವರನ್ನು ಮೈಸೂರು ಸರ್ಕಾರ ತನ್ನ ನೆರವು ಕೊಟ್ಟು ಪುಣೆಗೆ ಇಂಜಿನಿಯರಿಂಗ್ ಓದಲು ಕಳಿಸಿತು. ಈ ಭಾಗ ಬರುವ ಹೊತ್ತಿಗೆ ಮುಖ್ಯ ಅತಿಥಿಗಳಿಗೆ ಇನ್ನೊಂದು ಕಾರ್ಯಕ್ರಮ ಇರುತ್ತದೆ. ಸ್ಕಾಲರ್‌ಶಿಪ್‌ನಿಂದ ಸ್ಫೂರ್ತಿ ಬರುವುದಿಲ್ಲ, ನೋಡಿ. ಮಕ್ಕಳು ಅದನ್ನು ಕೇಳಿಬಿಟ್ಟರೆ ಎಂಬ ಭಯವೂ ಇರಬಹುದು.

ಇನ್ನು ಟಾಪರ್ ಮನೆಯ ಸಂದರ್ಶನ. ಲಡ್ಡು ತಿನ್ನಿಸುವುದು ಮೂರು ಸಲ ಆಗುತ್ತದೆ, ಮೊದಲೆರಡು ಸಲ ಕ್ಯಾಮೆರಾದವರಿಗೆ ಸರಿಯಾಗಿ ಸಿಕ್ಕಿರುವುದಿಲ್ಲ. ದಿನಕ್ಕೆ ಎಷ್ಟು ಗಂಟೆ ಓದುತ್ತಿದ್ದೆ ಪುಟ್ಟಾ? ಮೊಬೈಲ್ ಮುಟ್ಟುತ್ತಿರಲಿಲ್ಲವಾ? ಪುಟ್ಟಿ ಪಾಪ ಇದ್ದದ್ದನ್ನೇ ಹೇಳುತ್ತಾಳೆ. ಓದಿದ್ದಾಳೆ, ನಿಜವಾಗಿ ಓದಿದ್ದಾಳೆ, ಅದನ್ನು ಯಾರೂ ಕಸಿಯಬಾರದು. ಪಕ್ಕದಲ್ಲಿ ಡಾಕ್ಟರ್ ಅಪ್ಪ, ಪಿಯು ಕಾಲೇಜಿನ ಉಪನ್ಯಾಸಕಿ ಅಮ್ಮ ನಿಂತು “ನಾವೇನೂ ಒತ್ತಡ ಹಾಕಲಿಲ್ಲ, ಎಲ್ಲಾ ಅವಳದ್ದೇ ಎಫರ್ಟ್” ಅನ್ನುತ್ತಾರೆ. ಅದೂ ನಿಜವೇ. ಇಳಿಜಾರಿನಲ್ಲಿ ನಿಂತ ಗಾಡಿಯನ್ನು ಯಾರೂ ತಳ್ಳಬೇಕಾಗಿಲ್ಲ. ಮರುದಿನ ಅದೇ ಪುಟ್ಟಿಯ ಫೋಟೋ ಎರಡು ಕೋಚಿಂಗ್ ಸೆಂಟರಿನ ಫ್ಲೆಕ್ಸ್‌ನಲ್ಲಿ ಇರುತ್ತದೆ. ಶ್ರಮ ಒಬ್ಬಳದೇ ಆದರೂ ಫಸಲಿಗೆ ವಾರಸುದಾರರು ತುಂಬಾ ಜನ.

ಪತ್ರಿಕೆಗಳ ತಲೆಬರಹ ಗಮನಿಸಿದ್ದೀರಾ? ‘ಆಟೋ ಚಾಲಕನ ಮಗಳ ಸಾಧನೆ’, ‘ಕೂಲಿ ಕಾರ್ಮಿಕನ ಮಗ ಜಿಲ್ಲೆಗೆ ಪ್ರಥಮ’ ಅಂತ ಬರುತ್ತದೆ. ‘ಹೃದಯ ತಜ್ಞರ ಮಗನಿಗೆ ಮೆಡಿಕಲ್ ಸೀಟು’ ಅಂತ ಒಂದೇ ಒಂದು ತಲೆಬರಹ ತೋರಿಸಿ. ಅಪ್ಪನ ಕಸುಬು ಸುದ್ದಿಯಾಗಬೇಕಾದರೆ ಅಪ್ಪ ಬಡವನಾಗಿರಬೇಕು. ಸಾಹುಕಾರನ ಮಕ್ಕಳಿಗೆ ಆ ದಿನದ ಮಟ್ಟಿಗೆ ಅಪ್ಪನೇ ಇರುವುದಿಲ್ಲ, ಸ್ವಯಂಭೂಗಳು.

ಆಟೋ ಚಾಲಕನ ಮಗಳು ಆ ಒಂದು ದಿನ ತುಂಬ ಉಪಯೋಗಕ್ಕೆ ಬರುತ್ತಾಳೆ. ಅವಳ ಫೋಟೋ ತೋರಿಸಿ ಉಳಿದ ಅಷ್ಟೂ ಆಟೋ ಚಾಲಕರ ಮಕ್ಕಳಿಗೆ “ಅವಳಿಂದ ಆಗಿದ್ದು ನಿಮ್ಮಿಂದ ಯಾಕಾಗಲ್ಲ?” ಅಂತ ಬೈಯಬಹುದು. 2024ರಲ್ಲಿ 625ಕ್ಕೆ 625 ತೆಗೆದು ರಾಜ್ಯಕ್ಕೇ ಮೊದಲು ಬಂದದ್ದು ಸರ್ಕಾರಿ ವಸತಿ ಶಾಲೆಯ ರೈತನ ಮಗಳು. ಊಟ, ಹಾಸಿಗೆ, ಪುಸ್ತಕ, ಕೈಗೆ ಸಿಗುವ ಮೇಷ್ಟ್ರು ಎಲ್ಲ ಒಂದೇ ಆವರಣದಲ್ಲಿದ್ದ ಶಾಲೆ. ನಾನಾಗಿದ್ದರೆ ಮರುದಿನವೇ ಕೇಳುತ್ತಿದ್ದೆ: ಇಂಥ ಶಾಲೆ ಇನ್ನೆಷ್ಟು ಬೇಕು, ಸೀಟು ಸಿಗದೆ ವಾಪಸ್ ಹೋದವರೆಷ್ಟು ಅಂತ. ಆದರೆ ನಮ್ಮ ಜನ ಕೇಳಿದ್ದು, ದಿನಕ್ಕೆ ಎಷ್ಟು ಗಂಟೆ ಓದುತ್ತಿದ್ದೆ ಪುಟ್ಟಾ?

ಮೆರಿಟ್ ಅಂದರೆ ಪ್ರಾಣ ಬಿಡುವ ಗೆಳೆಯರು ನನಗೂ ಇದ್ದಾರೆ. ಮೀಸಲಾತಿಯ ಡಾಕ್ಟರ್ ಕೈಯಲ್ಲಿ ಆಪರೇಷನ್ ಮಾಡಿಸಿಕೊಳ್ಳಬೇಕಾ ಅಂತ ವಾಟ್ಸಾಪಿನಲ್ಲಿ ಮುಂಜಾನೆಯೇ ಚಿಂತೆ ಹಂಚುತ್ತಾರೆ. 2023ರ ಸೆಪ್ಟೆಂಬರಿನಲ್ಲಿ ಸ್ನಾತಕೋತ್ತರ ವೈದ್ಯಕೀಯ ಸೀಟುಗಳು ಖಾಲಿ ಉಳಿದವು ಅಂತ ನೀಟ್ ಪಿಜಿ ಕಟ್ ಆಫ್ ಅನ್ನು ಎಲ್ಲ ವರ್ಗದವರಿಗೂ ಸೊನ್ನೆ ಪರ್ಸೆಂಟೈಲ್‌ಗೆ ಇಳಿಸಿದರು. ಅಂದರೆ ಪರೀಕ್ಷೆಗೆ ಹೋಗಿ ಕೂತು ಬಂದವರೆಲ್ಲ ಅರ್ಹರು. ಮ್ಯಾನೇಜ್‌ಮೆಂಟ್ ಸೀಟಿಗೆ ಕೋಟಿ ಎಣಿಸುವ ತಾಕತ್ತಿದ್ದವರಿಗೆ ಇದಕ್ಕಿಂತ ಒಳ್ಳೇ ಸುದ್ದಿ ಬೇಕೇ? ಆ ದಿನ ಗೆಳೆಯರ ಗ್ರೂಪಿನಲ್ಲಿ ಗಣೇಶ ಹಬ್ಬದ ಶುಭಾಶಯ ಬಿಟ್ಟು ಬೇರೇನೂ ಬರಲಿಲ್ಲ.

ಇಂಜಿನಿಯರ್ ಸಾಹೇಬರು ಮೊನ್ನೆ ಮತ್ತೆ ಸಿಕ್ಕರು. ಸಿಟ್ಟು ಇಳಿದಿತ್ತು.

“ನಿಮ್ಮ ಸ್ಕೀಮು ಯೋಚನೆ ಮಾಡಿದೆ ಕಣ್ರೀ. ಅದರ ಪ್ರಕಾರ ನಮ್ಮ ಮೊಮ್ಮಗನಿಗೆ ಎಷ್ಟು ಬರುತ್ತೆ?”

“ಮಗ ಸೊಸೆ ಇಬ್ಬರೂ ಅಮೆರಿಕದಲ್ಲಿ ಇಂಜಿನಿಯರು, ನೀವೂ ಇಂಜಿನಿಯರು. 625 ಕಣ್ಣು ಮುಚ್ಚಿ ಕೊಡಬಹುದು ಸಾರ್.”

“ಹಾಗಂತ ಪರೀಕ್ಷೆ ತೆಗೀಬೇಡಿ. ಪರೀಕ್ಷೆ ಬರೆಯದೆ ಬಂದರೆ ಜನ ಏನಂತಾರೆ? ಅಪ್ಪನ ದುಡ್ಡು, ಅಜ್ಜನ ಹೆಸರು ಅನ್ನಲ್ವಾ?”

ಅವರ ಮಾತಿನಲ್ಲಿ ಹುರುಳಿದೆ. ಮನವಿಯನ್ನು ತಿದ್ದಿದ್ದೇನೆ. ಪರೀಕ್ಷೆ ನೆಪಕ್ಕೆ ಇರಲಿ. 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ಹೇಗೂ ಶುರು ಮಾಡಿದ್ದರು. ಪರೀಕ್ಷೆ-1ರಲ್ಲಿ ಅಮ್ಮನ ಅಂಕ ನೋಡುವುದು, ಪರೀಕ್ಷೆ-2ರಲ್ಲಿ ಅಪ್ಪನದು, ಅಲ್ಲೂ ಆಗದಿದ್ದರೆ ಪರೀಕ್ಷೆ-3ಕ್ಕೆ ಅಜ್ಜನದು. ಮೂರರಲ್ಲೂ ನಪಾಸಾದವರು ಮರುಮೌಲ್ಯಮಾಪನಕ್ಕೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಅರ್ಜಿಯ ಜೊತೆ ಅಜ್ಜನ ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ಕಡ್ಡಾಯ. ಅಜ್ಜ ಶಾಲೆಯ ಮೆಟ್ಟಿಲೇ ಹತ್ತಿಲ್ಲದಿದ್ದರೆ ಅರ್ಜಿ ತಿರಸ್ಕೃತವಾಗುತ್ತದೆ. ಶುಲ್ಕ ವಾಪಸ್ ಇಲ್ಲ.