ಮೂರು ನಿಮಿಷ ಅಷ್ಟೇ ಅಲ್ವಾ ಅನ್ನೋರಿಗೆ

ನಾಲ್ಕು ಗಂಟೆ, ಮೂರು ನಿಮಿಷ, ಹನ್ನೆರಡು ಸೆಕೆಂಡು. 2025ರ ಜನವರಿಯ ಮುಂಬೈ ಮ್ಯಾರಥಾನ್‌ನಲ್ಲಿ ನನ್ನ ಸಮಯ ಇದು. ನಾಲ್ಕು ಗಂಟೆಯೊಳಗೆ ಮುಗಿಸಿಯೇ ಬರ್ತೇನೆ ಅಂತ ಆಫೀಸಿನಲ್ಲಿ ಎಲ್ಲರಿಗೂ ಹೇಳಿ ಹೊರಟಿದ್ದೆ. ಹೇಳಬಾರದಿತ್ತು. ಕಾರವಾರಕ್ಕೆ ವಾಪಸ್ ಬಂದ ಮೇಲೆ ಸಿಕ್ಕವರದ್ದೆಲ್ಲ ಒಂದೇ ಮಾತು. "ಮೂರು ನಿಮಿಷ ಅಷ್ಟೇ ಅಲ್ವಾ? ಮುಗಿಸಿದ್ರಲ್ಲ, ಅದೇ ದೊಡ್ಡದು ಬಿಡಿ ಮಾರಾಯ್ರೆ."

ಒಳ್ಳೆ ಮನಸ್ಸಿನಿಂದಲೇ ಹೇಳ್ತೀರಿ, ಗೊತ್ತು. ಆದರೆ ಈ ಸಮಾಧಾನ ನನಗೆ ಬೇಡ. ಮಗಳಿಗೆ ಗಣಿತದಲ್ಲಿ 99 ಬಂದರೆ ಆ ಒಂದು ಮಾರ್ಕ್ ಎಲ್ಲಿ ಹೋಯ್ತು ಅಂತ ಕೇಳುವ ಜನ ನಾವು. ನನ್ನ ಮೂರು ನಿಮಿಷದ ವಿಷಯಕ್ಕೆ ಬಂದರೆ ಮಾತ್ರ ಎಲ್ಲರೂ ಇದ್ದಕ್ಕಿದ್ದ ಹಾಗೆ ಧಾರಾಳಿಗಳಾಗಿಬಿಡ್ತೀರಿ. ಯಾಕೆ? ಯಾಕಂದ್ರೆ ಇದು ಲೆಕ್ಕಕ್ಕೇ ಬಾರದ್ದು ಅಂತ ನಿಮ್ಮ ಅಭಿಪ್ರಾಯ. 44 ವರ್ಷದ ಮನುಷ್ಯ ಚಡ್ಡಿ ಹಾಕ್ಕೊಂಡು ಓಡೋದು ಒಂದು ಶೋಕಿ. ಶೋಕಿಯಲ್ಲಿ ಪಾಸೇನು, ಫೇಲೇನು?

ಸರಿ, ಲೆಕ್ಕವನ್ನೇ ಹಾಕೋಣ. ಮ್ಯಾರಥಾನ್ ಅಂದ್ರೆ 42.195 ಕಿಲೋಮೀಟರ್. ನಾಲ್ಕು ಗಂಟೆಯಲ್ಲಿ ಮುಗಿಸಬೇಕಾದರೆ ಪ್ರತಿ ಕಿಲೋಮೀಟರನ್ನೂ 5 ನಿಮಿಷ 41 ಸೆಕೆಂಡಿನಲ್ಲಿ ಓಡಬೇಕು. ನನ್ನದು ಸರಾಸರಿ 5 ನಿಮಿಷ 46 ಸೆಕೆಂಡು ಬಿತ್ತು. ಅಂದ್ರೆ ಕಿಲೋಮೀಟರಿಗೆ ನಾಲ್ಕೂವರೆ ಸೆಕೆಂಡು ಜಾಸ್ತಿ. ಶೂ ಲೇಸ್ ಕಟ್ಟೋಕೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಆ ನಾಲ್ಕೂವರೆ ಸೆಕೆಂಡಿಗೋಸ್ಕರ ನಾನು ಒಂಬತ್ತು ತಿಂಗಳಿಂದ ಬೆಳಿಗ್ಗೆ ನಾಲ್ಕೂಕಾಲಿಗೆ ಏಳ್ತಾ ಇದ್ದೇನೆ. ಮನೆಯವಳು ಅಲಾರಂ ಶಬ್ದಕ್ಕೆ ಬೈದು ಬೈದು ಸುಸ್ತಾಗಿ ಈಗ ಅವಳೇ ನನ್ನನ್ನು ಎಬ್ಬಿಸ್ತಾಳೆ.

ವಾಚಿನಲ್ಲಿ ಇನ್ನೊಂದು ತಮಾಷೆ ಇದೆ. ಓಟ ಮುಗಿದಾಗ ನನ್ನ ವಾಚ್ ತೋರಿಸಿದ್ದು 42.7 ಕಿಲೋಮೀಟರ್. ದಾರಿ ಅಳೆಯುವಾಗ ತಿರುವುಗಳ ಒಳ ಅಂಚಿಗೆ ಅಂಟಿಕೊಂಡು, ಓಡಬಹುದಾದ ಅತಿ ಹತ್ತಿರದ ಗೆರೆಯಲ್ಲೇ ಅಳೀತಾರೆ. ನಾವು ಜನರ ಮಧ್ಯೆ ಆಚೆ ಈಚೆ ನುಗ್ಗಿ, ನೀರಿನ ಟೇಬಲ್ ಕಡೆ ಓಡಿ, ತಿರುವಿನಲ್ಲಿ ದೊಡ್ಡ ಸುತ್ತು ಹಾಕಿ ಓಡ್ತೇವೆ. ಹೀಗೆ ಸುಮ್ನೆ ಓಡಿದ ಆ ಅರ್ಧ ಕಿಲೋಮೀಟರ್ ಅಂದ್ರೆ ಸರಿಸುಮಾರು ಮೂರು ನಿಮಿಷ! ಇದು ಗೊತ್ತಾದ ದಿನ ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ ಅನ್ನಿಸಿತು, ಇದೂ ಒಂದು ನೆಪ. ದೊಡ್ಡ ದೊಡ್ಡ ಕಟ್ಟಡಗಳ ನಡುವೆ ವಾಚೂ ತಪ್ಪು ತೋರಿಸ್ತದೆ. ನಿಜವಾದ ತಪ್ಪು ನನ್ನದೇ, ಅದಕ್ಕೆ ಆಮೇಲೆ ಬರ್ತೇನೆ.

ಮೊದಲು ಕಾರವಾರದ ಕಥೆ. ಇಂಟರ್‌ನೆಟ್‌ನಲ್ಲಿ ಸಿಗುವ ತರಬೇತಿ ಚಾರ್ಟ್‌ಗಳೆಲ್ಲ ಚಳಿ ದೇಶದವರು ಬರೆದದ್ದು. ಬೆಂಗಳೂರಿನ ಗೆಳೆಯರಿಗೆ ಹೇಗೋ ನಡೀತದೆ. ನಮ್ಮ ಕರಾವಳಿಗೆ ಅದು ಹೊಂದೋದೇ ಇಲ್ಲ. ಬೆವರು ಬಂದರೆ ಮೈ ತಂಪಾಗ್ತದೆ ಅಂತ ಶಾಲೆಯಲ್ಲಿ ಓದಿದ್ದೇವೆ, ಅಲ್ವಾ? ಬೆವರು ಬಂದರೆ ಸಾಲದು, ಅದು ಆರಬೇಕು. ಇಲ್ಲಿ ಗಾಳಿಯಲ್ಲೇ ಅಷ್ಟು ನೀರಿರುವಾಗ ಅದು ಆರೋದೆಲ್ಲಿ? ಮೊಣಕೈಯಿಂದ ತೊಟ್ಟಿಕ್ಕಿ ಶೂ ಒಳಗೆ ಹೋಗಿ ಪಚಕ್ ಪಚಕ್ ಅಂತದೆ, ಅಷ್ಟೇ. ಮೈ ಬಿಸಿ ಇಳಿಸೋಕೆ ಹೃದಯ ಚರ್ಮದ ಕಡೆ ಹೆಚ್ಚು ರಕ್ತ ಕಳಿಸಬೇಕು, ಕಾಲಿಗೂ ಕಳಿಸಬೇಕು. ಎರಡೂ ಕಡೆ ಸಂಭಾಳಿಸೋಕೆ ಹೋಗಿ ಬಡಿತ ಏರ್ತಾ ಹೋಗ್ತದೆ.

ಇದು ನನಗೆ ಅರ್ಥ ಆಗಿದ್ದು ಸಿರಸಿಯಲ್ಲಿ. ಅಮ್ಮನ ಮನೆಗೆ ಹೋದಾಗ ಡಿಸೆಂಬರ್‌ನ ಒಂದು ಬೆಳಿಗ್ಗೆ, ಬಾಯಲ್ಲಿ ಹೊಗೆ ಬರುವಷ್ಟು ಚಳಿ, ಅಡಿಕೆ ತೋಟದ ಬದಿಯ ರಸ್ತೆಯಲ್ಲಿ ಆರಾಮಾಗಿ ಓಡಿದೆ. ಹೃದಯದ ಬಡಿತ ನಿಮಿಷಕ್ಕೆ 150ರ ಹತ್ತಿರ, ವೇಗ ಕಿಲೋಮೀಟರಿಗೆ 5:55, ಅಂದ್ರೆ 5 ನಿಮಿಷ 55 ಸೆಕೆಂಡು. ಅದೇ 150 ಬಡಿತದಲ್ಲಿ ಕಾರವಾರದಲ್ಲಿ ಓಡಿದರೆ 6:20 ಬರ್ತದೆ. ಘಟ್ಟ ಹತ್ತಿದ್ದಕ್ಕೆ 25 ಸೆಕೆಂಡಿನ ಬಹುಮಾನ! ಮೂರು ವರ್ಷ ಚಾರ್ಟಿನ ವೇಗ ಹಿಡಿಯೋಕೆ ಹೋಗಿ, ಪ್ರತಿ ದಿನ ಸೋತು, ನನ್ನಲ್ಲೇ ಏನೋ ಊನ ಇದೆ ಅಂತ ಕೊರಗಿದ್ದೆ. ನನ್ನಲ್ಲಿ ಊನ ಇರಲಿಲ್ಲ, ಇದ್ದದ್ದು ಸಮುದ್ರ. ಅವತ್ತಿನಿಂದ ಕಾರವಾರದಲ್ಲಿ ವೇಗ ನೋಡೋದು ಬಿಟ್ಟೆ. ಬಡಿತ ನೋಡ್ತೇನೆ, ಉಸಿರು ನೋಡ್ತೇನೆ. ಕುಮಟಾ, ಹೊನ್ನಾವರ, ಭಟ್ಕಳ ಕಡೆ ಓಡುವ ಹುಡುಗರಿಗೆ ನಾನು ಹೇಳೋದೂ ಇದನ್ನೇ. ಚಾರ್ಟ್ ಹರಿದು ಹಾಕಿ.

ಅಮ್ಮನಿಗೆ ಮಾತ್ರ ಇದು ಯಾವುದೂ ತಲೆಗೆ ಹೋಗುವುದಿಲ್ಲ. ಓಡಿ ಬಂದು ತೆಳ್ಳೇವು ದೋಸೆಗೆ ಕೂತರೆ, "ತಮಾ, ಅಷ್ಟು ಓಡೂದು ಎಂತಕ್ಕೆ? ಬಸ್ ಇತ್ತಲ" ಅಂತಾಳೆ. ಆದರೆ ನನ್ನ ಓಟಕ್ಕೆ ದೊಡ್ಡ ಉಪಕಾರ ಮಾಡಿದ್ದೂ ಅವಳೇ. ದೂರ ಓಡುವಾಗ ನಡುವೆ ಏನಾದರೂ ಸಿಹಿ ಒಳಗೆ ಹೋಗಬೇಕು. ಅಂಗಡಿಯ ಜೆಲ್ ಪೊಟ್ಟಣ ನನಗೆ ಹೊಟ್ಟೆ ಕೆಡಿಸ್ತದೆ, ದುಡ್ಡೂ ಜಾಸ್ತಿ. ಜೋನಿಬೆಲ್ಲ, ಅದೇ ಪಾಕದ ಹಾಗಿರುವ ನೀರುಬೆಲ್ಲ, ತಗೊಂಡು ಹೋಗು ಅಂದಳು. ಮಗಳ ಸಣ್ಣ ಸಾಸ್ ಬಾಟಲಿಯಲ್ಲಿ ಜೋನಿಬೆಲ್ಲ ತುಂಬಿ, ಚಿಟಿಕೆ ಉಪ್ಪು ಹಾಕಿ, ಸೊಂಟದ ಪಟ್ಟಿಗೆ ಸಿಕ್ಕಿಸಿ ಓಡ್ತೇನೆ. ಬಹಳ ಚೆನ್ನಾಗಿ ಆಗಿಬರ್ತದೆ. ಒಂದೇ ತೊಂದರೆ ಅಂದ್ರೆ ಒಮ್ಮೆ ಮುಚ್ಚಳ ಸಡಿಲ ಆಗಿ ಚಡ್ಡಿಯೆಲ್ಲ ಬೆಲ್ಲ. ಅಮದಳ್ಳಿ ಹತ್ತಿರ ರಸ್ತೆ ಬದಿ ಐದು ನಿಮಿಷ ಕೂತಿದ್ದಕ್ಕೆ ಇರುವೆ ಹತ್ತಿ, ಅವತ್ತು ಕೊನೆಯ ಎರಡು ಕಿಲೋಮೀಟರ್ ನನ್ನ ಜೀವನದ ಅತಿ ವೇಗದ್ದು.

ಓಡೋಕೆ ಜಾಗ ಎಲ್ಲಿದೆ ಅನ್ನೋದು ಇನ್ನೊಂದು ರಾಮಾಯಣ. ಮೊದಲು ಕೋಡಿಬಾಗದಿಂದ ಕಾಳಿ ಸೇತುವೆ ದಾಟಿ ಸದಾಶಿವಗಡದ ಕಡೆ ಹೋಗ್ತಿದ್ದೆ. ನಸುಕಿನಲ್ಲಿ ಸೇತುವೆ ಮೇಲೆ ಗಾಳಿ, ಒಂದು ಕಡೆ ನದಿ, ಒಂದು ಕಡೆ ಸಮುದ್ರ. 2024ರ ಆಗಸ್ಟ್ 6ರ ನಡುರಾತ್ರಿ ಕಳೆದು 7 ಆದ ಮೇಲೆ, ಬೆಳಗಾಗುವ ಮೊದಲೇ ಹಳೆ ಸೇತುವೆ ಕುಸಿದು ಬಿತ್ತು, ಲಾರಿಯೊಂದು ಹೊಳೆಗೆ ಹೋಯ್ತು, ಚಾಲಕ ಪುಣ್ಯಕ್ಕೆ ಬದುಕಿದ. ಮುಂಬೈ ಓಟಕ್ಕೆ ಆಗ ಐದು ತಿಂಗಳು ಇತ್ತು. ಹೋಗುವ ಬರುವ ಗಾಡಿಗಳೆಲ್ಲ ಹೊಸ ಸೇತುವೆ ಮೇಲೇ ಬಂದ ಮೇಲೆ ಅಲ್ಲಿ ಓಡೋಕೆ ಧೈರ್ಯ ಆಗಲಿಲ್ಲ. ಆ ಹಳೆ ಸೇತುವೆ ಮೇಲೆ ಎಷ್ಟು ಸಲ ನಿಂತು ಉಸಿರು ತಗೊಂಡಿದ್ದೇನೋ ಲೆಕ್ಕ ಇಲ್ಲ. ಈಗ ದಕ್ಷಿಣದ ಕಡೆ, ಬಿಣಗಾ ಘಾಟಿ ಹತ್ತಿ ಅರಗಾ ದಾಟಿ ಹೋಗ್ತೇನೆ. ಏರು ಇದೆ, ಒಳ್ಳೆಯದೇ. ಲಾರಿಗಳ ಹೈಬೀಮ್ ಲೈಟ್ ಮಾತ್ರ ಕಣ್ಣು ತೆಗೆದುಬಿಡ್ತದೆ.

ಟ್ಯಾಗೋರ್ ಬೀಚ್ ಇದೆಯಲ್ಲ ಅಂತೀರಿ. ಇದೆ. ಇಳಿತದ ಹೊತ್ತಿಗೆ ನೀರಿನ ಅಂಚಿನ ಮರಳು ಗಟ್ಟಿ, ಕಾಲಿಗೆ ಹಿತ. ಆದರೆ ಮರಳು ಸಮುದ್ರದ ಕಡೆ ಇಳಿಜಾರು. ಒಂದೇ ದಿಕ್ಕಿಗೆ ದೂರ ಓಡಿದರೆ ಒಂದು ಕಾಲು ಸದಾ ತಗ್ಗಿನಲ್ಲೇ ಬೀಳ್ತದೆ. ಎರಡು ತಿಂಗಳು ಹಾಗೆ ಓಡಿ ಎಡ ಮೊಣಕಾಲಿನ ಹೊರಬದಿ ನೋವು ಕಟ್ಟಿಕೊಂಡೆ. ಈಗ ವಾರಕ್ಕೆ ಒಂದೇ ದಿನ, ಆರು ಕಿಲೋಮೀಟರ್, ಹೋದಷ್ಟೇ ವಾಪಸ್. ಅಲ್ಲಿ ಬಲೆ ಎಳೆಯುವವರು ಸಾಲಾಗಿ ನಿಂತು ಹಗ್ಗ ಹಿಡಿದು ಹಿಂದೆ ಹಿಂದೆ ಹೆಜ್ಜೆ ಹಾಕ್ತಿರ್ತಾರೆ. ಹಗ್ಗ ದಾಟುವಾಗ ನಾನು ನಿಲ್ಲಬೇಕು, ವಾಚೂ ನಿಲ್ತದೆ. ಒಮ್ಮೆ ಅವರಲ್ಲೊಬ್ಬ ಹಿರಿಯರು ಕೇಳಿದರು, "ಇಷ್ಟು ಓಡ್ತೀರಲ್ಲ ಸರ್, ಎಷ್ಟು ಸಿಗ್ತದೆ?" ಏನೂ ಸಿಗೋದಿಲ್ಲ, ನಾನೇ ಫೀ ಕಟ್ಟಬೇಕು ಅಂದೆ. ಅವರು ಹಗ್ಗ ಬಿಡದೆಯೇ ಪಕ್ಕದವನಿಗೆ ಕೊಂಕಣಿಯಲ್ಲಿ ಅದನ್ನು ಹೇಳಿದರು. ಸಾಲು ಸಾಲೇ ನಕ್ಕಿತು. ನಾನೂ ನಕ್ಕೆ.

ಈಗ ನನ್ನ ತಪ್ಪಿಗೆ ಬರ್ತೇನೆ. ಮುಂಬೈಯಲ್ಲಿ ಬೆಳಿಗ್ಗೆ ಐದರ ಕತ್ತಲಲ್ಲಿ ಓಟ ಶುರು. ಸುತ್ತ ಸಾವಿರಾರು ಜನ, ಮೈಯಲ್ಲಿ ವಾರವಿಡೀ ವಿಶ್ರಾಂತಿ ತಗೊಂಡ ಶಕ್ತಿ. ಅರ್ಧ ದೂರವನ್ನು ಒಂದು ಗಂಟೆ 54 ನಿಮಿಷದಲ್ಲಿ ಮುಗಿಸಿದೆ. ಬೇಕಾಗಿದ್ದದ್ದು ಎರಡು ಗಂಟೆ. ಆರು ನಿಮಿಷ ಬ್ಯಾಂಕಿನಲ್ಲಿ ಇಟ್ಟೆ ಅಂದುಕೊಂಡೆ. ಮ್ಯಾರಥಾನ್ ಅಂಥ ಬ್ಯಾಂಕ್ ಅಲ್ಲ, ಅದು ಮೀಟರ್ ಬಡ್ಡಿಯವನ ಅಂಗಡಿ. ಮೈಯಲ್ಲಿ ಕೂಡಿಟ್ಟ ಗ್ಲೈಕೋಜನ್‌ನಿಂದ, ಅಂದ್ರೆ ಸಕ್ಕರೆಯ ದಾಸ್ತಾನಿನಿಂದ, ಸಿಗೋದು ಸುಮಾರು 2000 ಕ್ಯಾಲೊರಿ. ನನ್ನಂಥ 70 ಕಿಲೋ ಮನುಷ್ಯನಿಗೆ ಇಡೀ ಓಟಕ್ಕೆ ಬೇಕಾಗೋದು ಮೂರು ಸಾವಿರದ ಹತ್ತಿರ. ವೇಗ ಹೆಚ್ಚಿದಷ್ಟೂ ಆ ಗಂಟು ಬೇಗ ಕರಗ್ತದೆ, ಕೊಬ್ಬು ಕರಗಿ ಕೈಗೆ ಸಿಗೋದು ನಿಧಾನ. 30 ಕಿಲೋಮೀಟರ್ ದಾಟುವ ಹೊತ್ತಿಗೆ ಬಡ್ಡಿಯವನು ಬಾಗಿಲಿಗೆ ಬಂದಿದ್ದ.

35ನೇ ಕಿಲೋಮೀಟರಿನಲ್ಲಿ ವಾಚ್ 3 ಗಂಟೆ 17 ನಿಮಿಷ ತೋರಿಸ್ತಿತ್ತು. ಉಳಿದದ್ದನ್ನು ಕಿಲೋಮೀಟರಿಗೆ ಆರು ನಿಮಿಷದೊಳಗೆ ಓಡಿದರೆ ಸಾಕು. ಸಿರಸಿಯಲ್ಲಿ ನಾನು ಆರಾಮಾಗಿ ಓಡಿದ ವೇಗ ಅದು! ಆದರೆ ಅಲ್ಲೇ ಪೆಡರ್ ರೋಡಿನ ಏರು. ದೊಡ್ಡ ಏರೇನಲ್ಲ, ಬಿಣಗಾ ಘಾಟಿಯ ಮುಂದೆ ಅದು ಮಗು. ತೊಡೆಯಲ್ಲಿ ಒಂದು ನರ ಮೀನಿನ ಹಾಗೆ ಒದ್ದಾಡೋಕೆ ಶುರುವಾಯ್ತು. ನಿಂತೆ. ಬದಿಯಲ್ಲಿದ್ದ ಗುಜರಾತಿ ಅಜ್ಜಿಯೊಬ್ಬರು ಕಿತ್ತಳೆ ತೊಳೆಗೆ ಉಪ್ಪು ಸವರಿ ಬಾಯಿಗೇ ಇಟ್ಟರು, ಮಗುವಿಗೆ ಇಡುವ ಹಾಗೆ. ಬೀಜ ಉಗುಳೋಕೂ ಶಕ್ತಿ ಇರಲಿಲ್ಲ, ನುಂಗಿದೆ. ಆಮೇಲೆ ನಡೆದೆ, ಓಡಿದೆ, ನಡೆದೆ. ಕೊನೆಯ 195 ಮೀಟರಿಗೇ ಒಂದು ನಿಮಿಷದ ಮೇಲೆ ಹಿಡಿಯಿತು. ಆ 195 ಮೀಟರ್ ಬಂದದ್ದು 1908ರ ಲಂಡನ್ ಒಲಿಂಪಿಕ್ಸ್‌ನಿಂದ. ವಿಂಡ್ಸರ್ ಅರಮನೆಯ ಹತ್ತಿರ ಶುರು ಮಾಡಿ, ರಾಜಮನೆತನದವರು ಕೂರುವ ಜಾಗದ ಎದುರು ಮುಗಿಯುವ ಹಾಗೆ ದಾರಿ ಇಟ್ಟರಂತೆ. 1921ರಲ್ಲಿ ಅದೇ ದೂರ ಕಾಯಂ ಆಯ್ತು. ಅವತ್ತು ಆ ರಾಜಮನೆತನಕ್ಕೆ ನಾನು ಹಾಕಿದ ಶಾಪ ಇಲ್ಲಿ ಬರೆಯುವಂಥದ್ದಲ್ಲ.

ಸರಿ, ಮತ್ತೆ "ಅಷ್ಟೇ ಅಲ್ವಾ" ಅನ್ನೋರ ಹತ್ತಿರ. ಶಿವನಾಥ್ ಸಿಂಗ್ 1978ರಲ್ಲಿ ಜಲಂಧರ್‌ನಲ್ಲಿ 2 ಗಂಟೆ 12 ನಿಮಿಷಕ್ಕೆ ಮ್ಯಾರಥಾನ್ ಓಡಿದರು. ಮುಂದಿನ ನಾಲ್ಕು ದಶಕ ನಮ್ಮ ದೇಶದಲ್ಲಿ ಅದನ್ನು ಮುರಿಯೋಕೆ ಯಾರಿಗೂ ಆಗಲಿಲ್ಲ. 2019ರಲ್ಲಿ ಟಿ. ಗೋಪಿ ಸ್ಪೇನಿನ ಸೆವಿಲ್ಲೆಯಲ್ಲಿ 2:13:39 ಓಡಿದರು. 99 ಸೆಕೆಂಡು ಕಮ್ಮಿ ಬಿತ್ತು. ಅವರಿಗೆ ಹೋಗಿ 99 ಸೆಕೆಂಡ್ ಅಷ್ಟೇ ಅಲ್ವಾ ಅಂತೀರಾ? ಕೆನ್ಯಾದ ಕೆಲ್ವಿನ್ ಕಿಪ್ಟಮ್ 2023ರಲ್ಲಿ ಷಿಕಾಗೋದಲ್ಲಿ 2:00:35 ಓಡಿ ವಿಶ್ವದಾಖಲೆ ಮಾಡಿದ. ಎರಡು ಗಂಟೆಗೆ ಬರೀ 35 ಸೆಕೆಂಡು ಬಾಕಿ. ನಾಲ್ಕು ತಿಂಗಳಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ. ಆ 35 ಸೆಕೆಂಡಿನ ಬಗ್ಗೆ ಯೋಚಿಸಿದರೆ ಈಗಲೂ ಗಂಟಲು ಕಟ್ಟುತ್ತದೆ ನನಗೆ.

ಅವರೆಲ್ಲ ದೊಡ್ಡವರು, ನೀನು ಯಾರು ಅಂತ ಕೇಳಬಹುದು. ನಾನು ಯಾರೂ ಅಲ್ಲ, ಒಪ್ಪಿದೆ. ನನ್ನಂಥ ಯಾರೂ ಅಲ್ಲದವರು ತುಂಬಾ ಜನ ಇದ್ದೇವೆ. ಅಮೆರಿಕದ ಕೆಲವು ಅರ್ಥಶಾಸ್ತ್ರಜ್ಞರು ಒಂದು ಕೋಟಿಗೆ ಹತ್ತಿರದಷ್ಟು ಮ್ಯಾರಥಾನ್ ಸಮಯಗಳನ್ನು ಗುಡ್ಡೆ ಹಾಕಿ ನೋಡಿದರು. ನಾಲ್ಕು ಗಂಟೆಗೆ ಸ್ವಲ್ಪ ಮೊದಲು ಮುಗಿಸಿದವರ ದೊಡ್ಡ ಗುಂಪು, ನಾಲ್ಕು ದಾಟಿದ ಕೂಡಲೇ ಜನ ಕಮ್ಮಿ. ಯಾರೂ ಕಾಸು ಕೊಡಲ್ಲ, ಪೇಪರಿನಲ್ಲಿ ಹೆಸರು ಬರಲ್ಲ. ಆದರೂ ಕೊನೆಯ ಎರಡು ಕಿಲೋಮೀಟರಿನಲ್ಲಿ ಲಕ್ಷಾಂತರ ಗುಮಾಸ್ತರು, ಮೇಷ್ಟ್ರುಗಳು, ಅಂಗಡಿಯವರು ಹಲ್ಲು ಕಚ್ಚಿ ಓಡಿದ ಗುರುತು ಆ ಲೆಕ್ಕದಲ್ಲಿ ಕಾಣ್ತದೆ. ಆ ಗುಂಪಿನಲ್ಲಿ ನಾನಿಲ್ಲ. ನನಗೆ ಅಲ್ಲಿ ಹೋಗಿ ನಿಲ್ಲಬೇಕು, ಅಷ್ಟೇ.

ಇದರಿಂದ ಮನೆಯವರಿಗೆ ತೊಂದರೆ ಆಗಿಲ್ಲ ಅಂತ ಸುಳ್ಳು ಹೇಳಲ್ಲ. ಭಾವನ ಮಗನ ಉಪನಯನಕ್ಕೆ ಹೋದವನು ಮರುದಿನ ಓಟ ಇದೆ ಅಂತ ರಾತ್ರಿಯೇ ಬಸ್ ಹತ್ತಿ ಬಂದೆ. ಆ ಮುನಿಸು ಇನ್ನೂ ಪೂರ್ತಿ ಹೋಗಿಲ್ಲ. ನನ್ನದೇ ತಪ್ಪು. ಮುಂದಿನ ಸಲ ಮದುವೆ ಇದ್ದರೆ ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡೇ ಬರ್ತೇನೆ.

ಮುಂದಿನ ಜನವರಿಗೆ ಮತ್ತೆ ಹೆಸರು ಕೊಟ್ಟಿದ್ದೇನೆ. ಈ ಸಲ ಮೊದಲ ಅರ್ಧ ಒಂದು ಗಂಟೆ 59 ನಿಮಿಷ, ಅದಕ್ಕಿಂತ ಒಂದು ಸೆಕೆಂಡೂ ಬೇಗ ಇಲ್ಲ. ಆಗಲೂ ನಾಲ್ಕು ಗಂಟೆಯೊಳಗೆ ಬರಲಿಲ್ಲ ಅಂದ್ರೆ "ಛೆ, ಹೋಯ್ತಲ್ಲ ಮಾರಾಯ್ರೆ" ಅನ್ನಿ, ಅಷ್ಟು ಸಾಕು.

ಭಾನುವಾರ 32 ಕಿಲೋಮೀಟರ್ ಇದೆ. ನಾಲ್ಕೂವರೆಗೆ ಕಾಜುಬಾಗದಿಂದ ಹೊರಟು ಬಿಣಗಾ, ಅರಗಾ, ಅಮದಳ್ಳಿ ದಾಟಿ ವಾಪಸ್. ದಾರಿಯಲ್ಲಿ ಕಂಡರೆ ಬೈಕ್ ನಿಲ್ಲಿಸಿ "ಹತ್ತಿ, ಬಿಡ್ತೇನೆ" ಅನ್ನಬೇಡಿ ದಯವಿಟ್ಟು, ಹೋದ ವಾರ ಮೂರು ಜನ ಕರೆದರು, ಮೂರನೆಯವರಿಗೆ ಬೇಡ ಅನ್ನೋದು ಬಹಳ ಕಷ್ಟ ಆಯ್ತು. ನೀರಿದ್ದರೆ ಕೊಡಿ.