ಗೋಲು ಬೀಳದಂತೆ ನೋಡಿಕೊಳ್ಳುವವನ ಉದ್ಯೋಗ

ಮಂಗಳೂರು ಸಮೀಪದ ಉಳ್ಳಾಲದ ಕಡೆಯ ಯುವಕನೊಬ್ಬ ಬೆಂಗಳೂರಿನ ಫುಟ್‌ಬಾಲ್ ಕ್ಲಬ್ಬೊಂದಕ್ಕೆ ಸ್ಟಾಪರ್ ಆಗಿ, ಅಂದರೆ ಗೋಲಿನ ಮುಂದೆ ನಿಂತು ಎದುರಾಳಿಗಳನ್ನು ತಡೆಯುವ ನಡುವಿನ ಡಿಫೆಂಡರ್ ಆಗಿ, ಆಡುತ್ತಾನೆ. ಅದು ದೇಶದ ಅಗ್ರ ಲೀಗ್ ಆದ ಐಎಸ್‌ಎಲ್‌ನ ತಂಡವಲ್ಲ, ಟಿವಿಯಲ್ಲಿ ಕಾಣಿಸುವ ತಂಡವೂ ಅಲ್ಲ. ಆದರೆ ಅವನ ಬಾಡಿಗೆ, ಊಟ, ಮನೆಗೆ ಕಳುಹಿಸುವ ಹಣ ಎಲ್ಲವೂ ಆ ಕ್ಲಬ್ಬಿನ ಸಂಬಳದಿಂದಲೇ ನಡೆಯುತ್ತದೆ. ಆದರೂ ಊರಿನ ಮದುವೆಗಳಿಗೆ ಬಂದಾಗ ಅವನನ್ನು ಕೇಳುವುದು ಒಂದೇ ಪ್ರಶ್ನೆ: "ಆಟ ಎಲ್ಲ ಸರಿ ಮಾರಾಯ, ಕೆಲಸ ಎಂತ ಮಾಡುವುದು?" ಕೇಳುವವರ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಕಣ್ಣಿಗೆ ಬಿದ್ದ ಆಟಗಾರರು ಎರಡೇ ಬಗೆಯವರು: ದೇಶಕ್ಕೆ ಆಡಿ ಹೆಸರು ಮಾಡಿದವರು, ಮತ್ತು ಹೊಟ್ಟೆಪಾಡಿಗೆ ಬೇರೇನೋ ಮಾಡುತ್ತ ಸಂಜೆ ಮೈದಾನಕ್ಕೆ ಇಳಿಯುವವರು. ಇವೆರಡರ ನಡುವೆ ಒಂದು ಕಸುಬು ಇದೆ ಎಂಬುದನ್ನು, ಅದರಲ್ಲೂ ಕೆಳ ವಿಭಾಗದ ಡಿಫೆಂಡರ್ ಒಬ್ಬನ ಕಸುಬು ಎಂಥದ್ದು ಎಂಬುದನ್ನು ನಾವು ಹತ್ತಿರದಿಂದ ನೋಡಿದ್ದೇ ಕಡಿಮೆ.

ಇಂಗ್ಲೆಂಡಿನಲ್ಲಿ ಈ ಕಸುಬಿಗೆ ಹಳೆಯ ಇತಿಹಾಸವಿದೆ. ಒಂದೇ ಕ್ಲಬ್ಬಿಗೆ ಅತಿ ಹೆಚ್ಚು ಲೀಗ್ ಪಂದ್ಯಗಳನ್ನು ಆಡಿದ ದಾಖಲೆ ಅಲ್ಲಿನ ಯಾವುದೇ ಮಹಾನ್ ತಾರೆಯ ಹೆಸರಿನಲ್ಲಿಲ್ಲ. ಅದು ಸ್ವಿಂಡನ್ ಟೌನ್ ತಂಡದ ಎಡ ಬ್ಯಾಕ್ (ಎಡ ಅಂಚಿನ ಡಿಫೆಂಡರ್) ಜಾನ್ ಟ್ರೊಲೋಪ್ ಅವರದ್ದು. 1960ರಿಂದ 1980ರವರೆಗೆ ಅವರು ಆ ತಂಡಕ್ಕೆ 770 ಲೀಗ್ ಪಂದ್ಯಗಳನ್ನು ಆಡಿದರು. ಆ ಇಪ್ಪತ್ತು ವರ್ಷಗಳಲ್ಲಿ ಸ್ವಿಂಡನ್ ಎರಡನೆಯ ಮತ್ತು ಮೂರನೆಯ ವಿಭಾಗಗಳ ನಡುವೆಯೇ ಓಡಾಡಿಕೊಂಡಿತ್ತು, ಅಗ್ರ ವಿಭಾಗವನ್ನು ಒಮ್ಮೆಯೂ ಕಾಣಲಿಲ್ಲ. 1969ರ ಮಾರ್ಚ್‌ನಲ್ಲಿ, ಮೂರನೆಯ ವಿಭಾಗದಲ್ಲಿದ್ದಾಗಲೇ, ವೆಂಬ್ಲಿಯಲ್ಲಿ ನಡೆದ ಲೀಗ್ ಕಪ್ ಫೈನಲ್‌ನಲ್ಲಿ ಆರ್ಸೆನಲ್ ತಂಡವನ್ನು 3–1ರಿಂದ ಸೋಲಿಸಿತು. ಅದಕ್ಕೆ ಸ್ವಲ್ಪ ಮುಂಚೆ ಅಲ್ಲಿ ಕುದುರೆಗಳ ಪ್ರದರ್ಶನ ನಡೆದದ್ದರಿಂದ ಮೈದಾನ ಕೆಸರಿನ ಗದ್ದೆಯಾಗಿತ್ತಂತೆ. ಆಷಾಢದಲ್ಲಿ ನಮ್ಮ ಮಂಗಳೂರಿನ ನೆಹರೂ ಮೈದಾನ ಕಂಡವರಿಗೆ ವಿವರಿಸಬೇಕಾಗಿಲ್ಲ. ಹೆಚ್ಚುವರಿ ಸಮಯದಲ್ಲಿ ಎರಡು ಗೋಲು ಹೊಡೆದ ಡಾನ್ ರೋಜರ್ಸ್ ಹೆಸರು ಇಂದಿಗೂ ಹೇಳಲ್ಪಡುತ್ತದೆ. ಅದೇ ಕೆಸರಿನಲ್ಲಿ ನೂರ ಇಪ್ಪತ್ತು ನಿಮಿಷ ಎಡ ಅಂಚನ್ನು ಕಾಯ್ದ ಟ್ರೊಲೋಪ್ ಅವರನ್ನು ನೆನೆಯುವವರು ಬಹುಮಟ್ಟಿಗೆ ಸ್ವಿಂಡನ್ನಿನವರೇ.

ಡಿಫೆಂಡರ್‌ನ ಕೆಲಸ ಕಾಣುವುದು ಅದು ಕೆಟ್ಟಾಗ ಮಾತ್ರ. ತೊಂಬತ್ತು ನಿಮಿಷ ಸರಿಯಾಗಿ ನಿಂತು ಕೊನೆಯ ನಿಮಿಷದಲ್ಲಿ ಒಮ್ಮೆ ಜಾರಿದರೆ ಆ ಒಂದು ಜಾರುವಿಕೆಯೇ ಅವನ ಹೆಸರಿಗೆ ಅಂಟಿಕೊಳ್ಳುತ್ತದೆ. ಮಳೆಗಾಲದಲ್ಲಿ ನೆಹರೂ ಮೈದಾನದ ಪಂದ್ಯವೊಂದನ್ನು ನೋಡುವವರು ಹತ್ತು ನಿಮಿಷ ಚೆಂಡನ್ನು ಬಿಟ್ಟು ಸ್ಟಾಪರ್ ಒಬ್ಬನನ್ನೇ ನೋಡಬೇಕು ಎಂದು ನಾನು ಹೇಳುವುದು ಇದಕ್ಕೇ. ಎದುರಾಳಿಯ ಫಾರ್ವರ್ಡ್ ಎಲ್ಲಿದ್ದಾನೆಂದು ಅವನು ಮತ್ತೆ ಮತ್ತೆ ಹೆಗಲ ಮೇಲಿಂದ ತಿರುಗಿ ನೋಡುತ್ತಿರುತ್ತಾನೆ. ಯಾವ ಕಡೆ ನೀರು ನಿಂತಿದೆ, ಅಲ್ಲಿ ಚೆಂಡು ಪುಟಿಯದೆ ಸತ್ತು ನಿಲ್ಲುತ್ತದೆ, ಯಾವ ಕಡೆ ಹುಲ್ಲಿನ ಮೇಲೆ ಇನ್ನಷ್ಟು ವೇಗವಾಗಿ ಜಾರುತ್ತದೆ ಎಂಬ ಲೆಕ್ಕ ಮೊದಲ ಐದು ನಿಮಿಷದಲ್ಲೇ ಅವನಿಗೆ ಸಿಕ್ಕಿರುತ್ತದೆ. ಪಕ್ಕದ ಹುಡುಗನಿಗೆ "ಪಿರ ಬಲ, ಪಿರ ಬಲ" (ಹಿಂದೆ ಬಾ) ಎಂದು ತುಳುವಿನಲ್ಲಿ ಕೂಗುತ್ತ, ಲೈನ್ ಬಿಟ್ಟು ಹೋದ ಬ್ಯಾಕನ್ನು ಕೈಸನ್ನೆಯಿಂದ ಎಳೆಯುತ್ತ, ಚೆಂಡು ಬರುವುದಕ್ಕೆ ಎರಡು ಹೆಜ್ಜೆ ಮುಂಚೆಯೇ ತಾನು ಇರಬೇಕಾದಲ್ಲಿ ಇರುತ್ತಾನೆ. ಮೈಮೇಲೆ ಬಿದ್ದು ಟ್ಯಾಕಲ್ ಮಾಡುವವನಿಗೆ ಚಪ್ಪಾಳೆ ಬೀಳುತ್ತದೆ. ನಿಜವಾಗಿ ಒಳ್ಳೆಯ ಸ್ಟಾಪರ್‌ಗೆ ಅಂಥ ಟ್ಯಾಕಲ್‌ನ ಅಗತ್ಯವೇ ಅಪರೂಪಕ್ಕೆ ಬರುತ್ತದೆ.

ಈ ವಿದ್ಯೆ ಓಟದ ವೇಗದ ಹಾಗೆ ಹುಟ್ಟಿನಿಂದ ಬರುವುದಲ್ಲ. ಪಂದ್ಯ ಆಡಿ ಆಡಿಯೇ ಬರಬೇಕು, ಹಾಗಾಗಿ ತಡವಾಗಿ ಮಾಗುತ್ತದೆ. ಗ್ರಹಾಂ ಅಲೆಕ್ಸಾಂಡರ್ 1991ರಲ್ಲಿ ಸ್ಕನ್‌ಥಾರ್ಪ್ ತಂಡದಿಂದ ಆಟ ಆರಂಭಿಸಿ, ಲೂಟನ್, ಪ್ರೆಸ್ಟನ್ ತಂಡಗಳಿಗೆ ಹೆಚ್ಚಾಗಿ ಬಲ ಬ್ಯಾಕ್ ಆಗಿ ಕೆಳ ವಿಭಾಗಗಳಲ್ಲಿ ವರ್ಷಗಟ್ಟಲೆ ದುಡಿದು, ಬರ್ನ್ಲಿ ತಂಡದ ಜೊತೆ ಅಗ್ರ ವಿಭಾಗವಾದ ಪ್ರೀಮಿಯರ್ ಲೀಗಿನಲ್ಲಿ ತಮ್ಮ ಮೊದಲ ಪಂದ್ಯ ಆಡಿದ್ದು 2009ರಲ್ಲಿ, ತಮ್ಮ 37ನೆಯ ವಯಸ್ಸಿನಲ್ಲಿ. ನಿವೃತ್ತರಾಗುವಾಗ ಅವರ ಒಟ್ಟು ಪಂದ್ಯಗಳ ಸಂಖ್ಯೆ ಸಾವಿರ ದಾಟಿತ್ತು. ಅವರು ಅಸಾಮಾನ್ಯರು, ಒಪ್ಪೋಣ. ಆದರೆ ಅವರಿಗೆ ಕಾಯಲು ಸಾಧ್ಯವಾದದ್ದು ಕಾಯುವವರೆಗೂ ಸಂಬಳ ಕೊಡುವ ವಿಭಾಗಗಳು ಅಲ್ಲಿ ಇದ್ದುದರಿಂದ. ಪ್ರೀಮಿಯರ್ ಲೀಗಿಗಿಂತ ಕೆಳಗಿನ ಮೂರು ವಿಭಾಗಗಳಲ್ಲಿ ತಲಾ 24 ತಂಡಗಳಿವೆ, ಪ್ರತಿ ತಂಡಕ್ಕೂ ವರ್ಷಕ್ಕೆ 46 ಲೀಗ್ ಪಂದ್ಯಗಳಿವೆ. ನಮ್ಮಲ್ಲಿ ಐಎಸ್‌ಎಲ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಐ-ಲೀಗ್‌ನಲ್ಲಿ 2024–25ರಲ್ಲಿ 12 ತಂಡಗಳು ಆಡಿದವು, ತಂಡವೊಂದಕ್ಕೆ 22 ಪಂದ್ಯಗಳು. ಅಲ್ಲಿನ ಸ್ಟಾಪರ್ ಒಂದು ವರ್ಷದಲ್ಲಿ ಕಲಿಯುವಷ್ಟನ್ನು ಕಲಿಯಲು ಇಲ್ಲಿನವನಿಗೆ ಎರಡು ವರ್ಷ ಬೇಕು, ಅದೂ ಎಲ್ಲ ಪಂದ್ಯ ಸಿಕ್ಕರೆ. ಐ-ಲೀಗಿಗೂ ಕೆಳಗಿರುವವನ ಪಾಡು ಇನ್ನೂ ಕಷ್ಟ.

ಇಷ್ಟಾಗಿಯೂ ಕೆಳಗಿನಿಂದ ಮೇಲೇರಿದವರು ಇಲ್ಲವೆಂದಲ್ಲ. ಭಾರತದ ರಕ್ಷಣೆಯನ್ನು ವರ್ಷಗಳ ಕಾಲ ಹೊತ್ತ ಸಂದೇಶ್ ಜಿಂಗನ್ ವೃತ್ತಿ ಆರಂಭಿಸಿದ್ದು ಐ-ಲೀಗ್ ಎರಡನೆಯ ವಿಭಾಗದ ಯುನೈಟೆಡ್ ಸಿಕ್ಕಿಂ ತಂಡದಲ್ಲಿ. ಕೇರಳ ಬ್ಲಾಸ್ಟರ್ಸ್, ಅರ್ಜುನ ಪ್ರಶಸ್ತಿ ಎಲ್ಲ ಆಮೇಲಿನದ್ದು. ನಮ್ಮ ಕರಾವಳಿಯಿಂದ ಅಂಥವರು ಏಕೆ ಬರುತ್ತಿಲ್ಲ ಎಂದು ಕೇಳಿದರೆ ಪ್ರತಿಭೆಯ ಕೊರತೆ ಎಂಬ ಉತ್ತರವನ್ನು ನಾನು ಒಪ್ಪುವುದಿಲ್ಲ. ಮಂಗಳೂರಿನ ಬಂದರು, ಕುದ್ರೋಳಿ, ಉಳ್ಳಾಲದ ಹುಡುಗರ ಆಟ ನೋಡಿದ ಯಾರೂ ಒಪ್ಪಲಾರರು. ಇಪ್ಪತ್ತೆರಡು, ಇಪ್ಪತ್ತಮೂರಕ್ಕೆ ಮನೆಯ ಜವಾಬ್ದಾರಿ ಹೆಗಲಿಗೇರುತ್ತದೆ, ಗಲ್ಫಿನಲ್ಲಿರುವ ಮಾವನೋ ಅಣ್ಣನೋ ವೀಸಾ ಕಳುಹಿಸುತ್ತಾನೆ. ಫಾರ್ವರ್ಡ್ ಆದವನಾದರೆ ಅಷ್ಟರೊಳಗೆ ಯಾರ ಕಣ್ಣಿಗಾದರೂ ಬಿದ್ದಿರುವ ಸಾಧ್ಯತೆ ಉಂಟು. ಸ್ಟಾಪರ್ ಆಗ ತಾನೇ ಆಟವನ್ನು ಓದಲು ಕಲಿತಿರುತ್ತಾನೆ. ಅವನ ಒಳ್ಳೆಯ ವರ್ಷಗಳು ಆರಂಭವಾಗುವ ಹೊತ್ತಿಗೆ ಅವನು ದುಬೈಯಲ್ಲೋ ದಮ್ಮಾಮಿನಲ್ಲೋ ವಾರದ ರಜೆಯಲ್ಲಷ್ಟೇ ಆಡುವವನಾಗಿರುತ್ತಾನೆ.

ತಂಡಕ್ಕೆ ಏಳೇ ಜನ ಆಡುವ ಸೆವೆನ್ಸ್ ಇದೆಯಲ್ಲ, ಅದರಲ್ಲಿ ದುಡ್ಡಿದೆಯಲ್ಲ ಎನ್ನುವವರಿದ್ದಾರೆ. ಕಾಸರಗೋಡು, ಮಲಪ್ಪುರಂ ಕಡೆಯ ಸೆವೆನ್ಸ್ ಟೂರ್ನಿಗಳ ಜನಸಾಗರ, ಗದ್ದಲ, ಸೊಗಸು ನನಗೂ ಇಷ್ಟ, ನಮ್ಮ ಹುಡುಗರಿಗೆ ಅಲ್ಲಿ ಪಂದ್ಯಕ್ಕೆ ಇಷ್ಟೆಂದು ಕೈಗೆ ಹಣ ಸಿಗುವುದೂ ನಿಜ. ಆದರೆ ಆ ಆಟದಲ್ಲಿ ಆಫ್‌ಸೈಡ್ ಇಲ್ಲ, ಅಂದರೆ ಚೆಂಡು ಪಾಸ್ ಆಗುವಾಗ ಫಾರ್ವರ್ಡ್ ಡಿಫೆಂಡರ್‌ಗಳ ಗೆರೆಯನ್ನು ದಾಟಿ ನಿಂತಿರಬಾರದೆಂಬ ನಿಯಮವಿಲ್ಲ. ಆಫ್‌ಸೈಡ್ ಇಲ್ಲದ ಆಟದಲ್ಲಿ ನಾಲ್ವರು ಒಂದೇ ಗೆರೆಯಲ್ಲಿ ಮುಂದೆ ಹಿಂದೆ ಸರಿಯುವ ಅಭ್ಯಾಸ ಹುಟ್ಟುವುದಕ್ಕೆ ದಾರಿಯೇ ಇಲ್ಲ. ಅಲ್ಲಿ ಆಡಿ ಕಾಲು ಗಟ್ಟಿಯಾದೀತು, ಧೈರ್ಯ ಬಂದೀತು, ಹನ್ನೊಂದು ಜನರ ಆಟಕ್ಕೆ ಬೇಕಾದ ಸ್ಟಾಪರ್ ಮಾತ್ರ ತಯಾರಾಗಲಾರ.

ವೃತ್ತಿಯ ಅನಿಶ್ಚಿತತೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಇಂಗ್ಲೆಂಡಿನಲ್ಲೂ ಕೆಳ ವಿಭಾಗದವರ ಒಪ್ಪಂದಗಳು ಹೆಚ್ಚಾಗಿ ಒಂದೆರಡು ವರ್ಷದ್ದು. ಜೂನ್ 30 ಬಂದರೆ ಎಷ್ಟೋ ಮಂದಿ ಕ್ಲಬ್ ಇಲ್ಲದವರಾಗುತ್ತಾರೆ. ಆದರೆ ಅವರ ಬೆನ್ನಿಗೆ 1907ರಲ್ಲಿ ಹುಟ್ಟಿದ ಆಟಗಾರರ ಸಂಘವಿದೆ. ನಮ್ಮಲ್ಲಿ 2025ರ ಏಪ್ರಿಲ್‌ನಲ್ಲಿ ಆಡಿ ಮುಗಿಸಿದ ಐ-ಲೀಗಿನ ಚಾಂಪಿಯನ್ ಇಂಟರ್ ಕಾಶಿ ಎಂದು ತೀರ್ಮಾನವಾದದ್ದು ಜುಲೈಯಲ್ಲಿ, ಸ್ವಿಟ್ಜರ್ಲೆಂಡಿನ ಕ್ರೀಡಾ ನ್ಯಾಯಮಂಡಳಿಯಲ್ಲಿ. ಅದೇ ತಿಂಗಳು ಐಎಸ್‌ಎಲ್‌ನ ಮುಂದಿನ ಋತುವನ್ನೇ ತಡೆಹಿಡಿದರು, ಸಂಬಳ ನಿಲ್ಲಿಸಿದ ಕ್ಲಬ್ಬುಗಳೂ ಇದ್ದವು. ಮೇಲಿನ ಮಹಡಿಯಲ್ಲೇ ಹೀಗಾದರೆ ಕೆಳಗಿನವನು ಯಾರ ಬಾಗಿಲು ತಟ್ಟಬೇಕು?

ದೇಹ ಕೊಡುವ ಬೆಲೆಯೂ ಡಿಫೆಂಡರ್‌ಗೆ ಬೇರೆ. ಸ್ಕಾಟ್ಲೆಂಡಿನ 7,676 ಮಾಜಿ ವೃತ್ತಿಪರ ಆಟಗಾರರನ್ನು ಆಧರಿಸಿ ಗ್ಲಾಸ್ಗೋ ವಿಶ್ವವಿದ್ಯಾಲಯ ನಡೆಸಿದ ಅಧ್ಯಯನ, ಮಿದುಳು ಕ್ಷೀಣಿಸುವ ಕಾಯಿಲೆಗಳಿಂದ ಅವರು ಸಾಯುವ ಸಂಭವ ಸಾಮಾನ್ಯ ಜನರಿಗಿಂತ ಸುಮಾರು ಮೂರೂವರೆ ಪಟ್ಟು ಹೆಚ್ಚು ಎಂದು 2019ರಲ್ಲಿ ಹೇಳಿತು. 2021ರಲ್ಲಿ ಅದೇ ತಂಡ ಆಟಗಾರರ ಸ್ಥಾನಗಳನ್ನು ಬೇರ್ಪಡಿಸಿ ನೋಡಿದಾಗ, ಗೋಲ್‌ಕೀಪರ್‌ಗಳಿಗೆ ಇಂಥ ಕಾಯಿಲೆ ಬರುವ ಅಪಾಯ ಸಾಮಾನ್ಯರಷ್ಟೇ ಇದ್ದು, ಡಿಫೆಂಡರ್‌ಗಳಿಗೆ ಸುಮಾರು ಐದು ಪಟ್ಟು ಇತ್ತು. ಹೆಡ್ ಮಾಡಿ ಚೆಂಡು ಹೊರಹಾಕುವುದು ಅವರ ದಿನನಿತ್ಯದ ಕೆಲಸವಲ್ಲವೇ? ಇಂಗ್ಲೆಂಡಿನಲ್ಲಿ 2021–22ರಿಂದ ಅಭ್ಯಾಸದ ವೇಳೆ ಜೋರಾದ ಹೆಡಿಂಗ್ ವಾರಕ್ಕೆ ಹತ್ತನ್ನು ಮೀರಬಾರದೆಂಬ ಸೂಚನೆ ಜಾರಿಗೆ ಬಂತು. ನಮ್ಮ ಶಾಲಾ ಮೈದಾನಗಳಲ್ಲಿ ಹನ್ನೆರಡರ ಹುಡುಗನಿಗೆ ಒದ್ದೆ ಚೆಂಡನ್ನು ಸಾಲಾಗಿ ಹೆಡ್ ಮಾಡಿಸುವುದನ್ನು ನಿಲ್ಲಿಸಲು ಯಾವ ಸೂಚನೆಗೂ ಕಾಯಬೇಕಾಗಿಲ್ಲ.

ಹಾಗಾದರೆ ಏನು ಮಾಡಬಹುದು? ದೊಡ್ಡ ಅಕಾಡೆಮಿ, ವಿದೇಶಿ ಕೋಚ್ ಇವೆಲ್ಲ ನನಗೆ ಎರಡನೆಯ ಮಾತು. ಮೊದಲು ಬೇಕಾದದ್ದು ಪಂದ್ಯ. ನಮ್ಮಲ್ಲಿ ಹೆಚ್ಚಿನವು ನಾಕೌಟ್ ಟೂರ್ನಿಗಳು. ಮೊದಲ ದಿನವೇ ಸೋತ ತಂಡದ ಸ್ಟಾಪರ್ ಅಲ್ಲಿಗೆ ಬೂಟು ಕಟ್ಟಿಟ್ಟು ಮನೆಗೆ ಹೋಗುತ್ತಾನೆ. ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳ ತಂಡಗಳು ಸೇರಿ, ನವೆಂಬರಿನಿಂದ ಮಾರ್ಚ್‌ವರೆಗೆ ನೆಹರೂ ಮೈದಾನ ಮತ್ತು ಉಡುಪಿಯ ಅಜ್ಜರಕಾಡಿನಲ್ಲಿ ಪ್ರತಿ ತಂಡವೂ ಪ್ರತಿ ತಂಡದ ವಿರುದ್ಧ ಎರಡು ಸಲ ಆಡುವ ಲೀಗ್ ನಡೆಸುವುದು ಅಸಾಧ್ಯವಾದ ಸಂಗತಿಯೇನಲ್ಲ. ಉದ್ಯೋಗದ ಮಾತಿಗೂ ಹಿಂದೆ ದಾರಿಗಳಿದ್ದವು: ಬೆಂಗಳೂರಿನಲ್ಲಿ ಎಚ್‌ಎಎಲ್, ಐಟಿಐ ತಂಡಗಳು ಆಟಗಾರರಿಗೆ ಕಾರ್ಖಾನೆಯ ಕೆಲಸ ಕೊಟ್ಟಿದ್ದವು, ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ ಬಾಸ್ಕೆಟ್‌ಬಾಲ್, ಕಬಡ್ಡಿ ಆಟಗಾರರನ್ನು ನೌಕರಿಗೆ ತೆಗೆದುಕೊಂಡು ಸಾಕಿತ್ತು. ಆ ಬ್ಯಾಂಕು 2019ರಲ್ಲಿ ವಿಲೀನವಾಯಿತು. ಇಂದು ಇಲ್ಲಿ ಲಾಭದಲ್ಲಿರುವ ಆಸ್ಪತ್ರೆ, ಕಾಲೇಜು, ಬಿಲ್ಡರ್‌ಗಳಿಗೆ ಕೊರತೆಯಿಲ್ಲ. ತಲಾ ಇಬ್ಬರು ಆಟಗಾರರಿಗೆ ಅರ್ಧ ದಿನದ ಕೆಲಸ ಕೊಟ್ಟರೂ ಒಂದು ಲೀಗಿನ ಬೆನ್ನೆಲುಬು ನಿಲ್ಲುತ್ತದೆ.

ಟೂರ್ನಿ ನಡೆಸುವ ಸಂಘಗಳವರಲ್ಲಿ ಒಂದು ಪ್ರತ್ಯೇಕ ವಿನಂತಿಯಿದೆ. ಆಳೆತ್ತರದ ಟ್ರೋಫಿಗೆ, ಫ್ಲೆಕ್ಸಿಗೆ ಖರ್ಚು ಮಾಡುವ ಹಣದಲ್ಲಿ ಒಂದು ಪಾಲನ್ನು ಆಟಗಾರರ ಅಪಘಾತ ವಿಮೆಗೆ ತೆಗೆದಿಡಿ. ಮೊಣಕಾಲಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿದರೆ ಶಸ್ತ್ರಚಿಕಿತ್ಸೆ ಮತ್ತು ಚೇತರಿಕೆಗೆ ಒಂದು ಋತುವೇ ಹೋಗುತ್ತದೆ, ಎಂಆರ್‌ಐ ಮಾಡಿಸುವುದಕ್ಕೂ ಗೆಳೆಯರು ವಾಟ್ಸ್‌ಆ್ಯಪ್‌ನಲ್ಲಿ ಹಣ ಒಟ್ಟುಮಾಡಬೇಕಾದ ಪರಿಸ್ಥಿತಿ ಈಗಲೂ ಇದೆ. ವಿಮೆಯ ಕಂತನ್ನು ತಂಡಗಳ ಪ್ರವೇಶ ಶುಲ್ಕದಲ್ಲೇ ಸೇರಿಸಿಬಿಟ್ಟರೆ ಯಾರಿಗೂ ಭಾರವಾಗಲಾರದು. ಈ ಸಲದ ಟೂರ್ನಿಗಳ ಕರಪತ್ರ ಅಚ್ಚಾಗುವ ಮೊದಲೇ ಅದನ್ನು ನಿಯಮವಾಗಿ ಸೇರಿಸಿ.