ಸುನಾಮಿ ಬರುವಾಗ ಯಾವ ಜಪಾನೀಸ್ ಮಾತಾಡಬೇಕು?

ಜಪಾನಿನ ಮಾತು ಬಂದರೆ ನಮ್ಮ ಗೆಳೆಯರು ತಪ್ಪದೆ ಹೇಳುವ ವಿಷಯ ಒಂದಿದೆ. ಅಲ್ಲಿ ಡಾಕ್ಟರ್ ಓದುವುದೂ ಜಪಾನೀಸಿನಲ್ಲೇ, ಎಂಜಿನಿಯರಿಂಗೂ ಜಪಾನೀಸಿನಲ್ಲೇ, ಕೋರ್ಟೂ ಜಪಾನೀಸಿನಲ್ಲೇ. ನಿಜ. ನನಗೂ ಅದರ ಬಗ್ಗೆ ಗೌರವ ಇದೆ. ಆದರೆ ಜಪಾನೀಸ್ ಕಲಿಯುತ್ತಾ ನನಗೆ ಅದಕ್ಕಿಂತ ಜಾಸ್ತಿ ಹಿಡಿಸಿದ್ದು ಬೇರೆ. ತಮ್ಮ ಭಾಷೆ ಸರಿಯಾಗಿ ಬಾರದವರಿಗಾಗಿ ಅದನ್ನು ಹಗುರ ಮಾಡುವ ಕೆಲಸವನ್ನು ಅವರು ಸುಮಾರು ಮೂವತ್ತು ವರ್ಷದಿಂದ ಮಾಡುತ್ತಿದ್ದಾರೆ. ಅದಕ್ಕೆ 'ಯಾಸಾಶಿ ನಿಹೊಂಗೊ' ಅಂತ ಹೆಸರು. ಸುಲಭ ಜಪಾನೀಸ್.

ಇದು ಶುರುವಾಗಿದ್ದು ಒಂದು ದುರಂತದಿಂದ. 1995ರ ಜನವರಿ 17ರ ಬೆಳಗಿನ ಜಾವ ಕೋಬೆ ಸುತ್ತಮುತ್ತ ಭೂಮಿ ನಡುಗಿತು. ಆರು ಸಾವಿರಕ್ಕೂ ಹೆಚ್ಚು ಜನ ತೀರಿಕೊಂಡರು. ಕೋಬೆ ಬಂದರಿನ ಊರು. ಕೊರಿಯನ್ನರು, ಚೀನಿಯರು, ವಿಯೆಟ್ನಾಮಿನವರು, ವ್ಯಾಪಾರಕ್ಕೆ ಬಂದು ನೆಲೆಸಿದ ನಮ್ಮ ಭಾರತೀಯರು, ಹೀಗೆ ಹೊರಗಿನವರು ತುಂಬಾ ಇದ್ದರು. ನೀರು ಎಲ್ಲಿ ಸಿಗುತ್ತದೆ, ಮಲಗಲು ಜಾಗ ಎಲ್ಲಿದೆ, ಯಾವ ಕಟ್ಟಡದ ಹತ್ತಿರ ಹೋಗಬಾರದು, ಇದನ್ನೆಲ್ಲ ಹೇಳುವ ಸೂಚನೆಗಳು ಕಾಂಜಿ, ಅಂದರೆ ಚೀನಾದಿಂದ ಬಂದ ಅಕ್ಷರಗಳು, ತುಂಬಿದ ಆಫೀಸು ಜಪಾನೀಸಿನಲ್ಲಿದ್ದವು. ಚೀನಿಯರು ಕಾಂಜಿ ನೋಡಿ ಅಷ್ಟಿಷ್ಟು ಊಹಿಸಬಹುದಿತ್ತು. ಉಳಿದವರಿಗೆ ಅದೂ ಇಲ್ಲ. ಅಂಗಡಿಯಲ್ಲಿ, ಪಕ್ಕದ ಮನೆಯವರ ಜೊತೆ ಚೆನ್ನಾಗಿ ಮಾತಾಡುತ್ತಿದ್ದವರಿಗೂ ಆ ಬರಹ ಅರ್ಥವಾಗಲಿಲ್ಲ. ಇಂಗ್ಲಿಷಿನಲ್ಲಿ ಬರೆಯೋಣ ಅಂದರೆ ಎಷ್ಟೋ ಜನಕ್ಕೆ ಇಂಗ್ಲಿಷೂ ಬಾರದು.

ಇದಕ್ಕೆ ದಾರಿ ಹುಡುಕಲು ಮುಂದೆ ಬಂದದ್ದು ಟೋಕಿಯೋದವರಲ್ಲ. ದೂರದ ಉತ್ತರದಲ್ಲಿರುವ ಅಓಮೊರಿ ಪ್ರಾಂತ್ಯದ ಹಿರೊಸಾಕಿ ವಿಶ್ವವಿದ್ಯಾಲಯದವರು. ಅದು ತ್ಸುಗಾರು ಆಡುಮಾತಿನ ಸೀಮೆ. ಅಲ್ಲಿನ ಅಜ್ಜಿಯರು ಟೀವಿಯಲ್ಲಿ ಮಾತಾಡಿದರೆ ಕೆಳಗೆ ಅಕ್ಷರ ಹಾಕಿ ತೋರಿಸಬೇಕಾಗುತ್ತದೆ, ಉಳಿದ ಜಪಾನೀಯರಿಗೆ ಅಷ್ಟು ಕಷ್ಟ. ತನ್ನ ಮಾತು ಬೇರೆಯವರಿಗೆ ತಿಳಿಯದೆ ಹೋಗುವುದು ಏನು ಅಂತ ಆ ಸೀಮೆಯವರಿಗೆ ಚೆನ್ನಾಗಿ ಗೊತ್ತು ಅಂತ ನನಗನಿಸುತ್ತದೆ.

ಅವರು ಯೋಚಿಸಿದ್ದು ಮೊದಲ 72 ಗಂಟೆಯ ಬಗ್ಗೆ. ಅನುವಾದ ಮಾಡುವವರು ಬಂದು ಸೇರುವ ತನಕ ಜೀವ ಉಳಿಸಿಕೊಳ್ಳಲು ಬೇಕಾದಷ್ಟು ವಿಷಯ ತಲುಪಬೇಕು. ವಾಕ್ಯ ಚಿಕ್ಕದಿರಲಿ. ಒಂದು ವಾಕ್ಯದಲ್ಲಿ ಒಂದೇ ವಿಷಯ ಇರಲಿ. ಕಾಂಜಿ ಬರೆದರೆ ಅದನ್ನು ಓದುವ ಬಗೆ ಪಕ್ಕದಲ್ಲೇ ಹಿರಗಾನದಲ್ಲಿ, ಅಂದರೆ ಉಚ್ಚಾರ ತೋರಿಸುವ ಸರಳ ಅಕ್ಷರದಲ್ಲಿ, ಇರಲಿ. 'ಇಲ್ಲದಿಲ್ಲ' ಅನ್ನುವಂಥ ಸುತ್ತು ಮಾತು ಬೇಡ. ಭೂಕಂಪವಾದ ಮೇಲೆ ಮತ್ತೆ ಮತ್ತೆ ಬರುವ ಕಂಪನಕ್ಕೆ ಜಪಾನೀಸಿನಲ್ಲಿ 'ಯೊಶಿನ್' ಅನ್ನುತ್ತಾರೆ. ಹೊರಗಿನವರಿಗೆ ಅದು ಗೊತ್ತಿರುವುದಿಲ್ಲ. ಅದರ ಬದಲು 'ಆತೊ ಕರಾ ಕುರು ಜಿಶಿನ್', ಆಮೇಲೆ ಬರುವ ಭೂಕಂಪ ಅಂತ ಬರೆಯಿರಿ ಅಂದರು. ಅಷ್ಟೇ. ಹೊಸದಾಗಿ ಬಂದವರಿಗೂ ತಿಳಿಯುತ್ತದೆ, ಅಲ್ವಾ?

ಇದೇ ದೇಶ ಒಂದು ಕಾಲದಲ್ಲಿ ಭಾಷೆಯ ವಿಷಯದಲ್ಲಿ ಎಷ್ಟು ಕಟುವಾಗಿತ್ತು ಅನ್ನುವುದನ್ನೂ ಹೇಳಬೇಕು. 1879ರಲ್ಲಿ ದಕ್ಷಿಣದ ದ್ವೀಪಗಳ ರ್ಯೂಕ್ಯೂ ರಾಜ್ಯವನ್ನು ಸೇರಿಸಿಕೊಂಡು ಓಕಿನಾವಾ ಪ್ರಾಂತ್ಯ ಮಾಡಿದರು. ಮುಂದೆ ಅಲ್ಲಿನ ಶಾಲೆಗಳಲ್ಲಿ ಮನೆಮಾತು ಆಡಿದ ಮಗುವಿನ ಕೊರಳಿಗೆ ಮರದ ಹಲಗೆ ಕಟ್ಟುತ್ತಿದ್ದರು. ಇನ್ನೊಂದು ಮಗು ಮನೆಮಾತು ಆಡಿ ಸಿಕ್ಕಿಬೀಳುವ ತನಕ ಅದು ಇವನ ಕೊರಳಲ್ಲೇ. ಉತ್ತರದ ಹೊಕ್ಕೈಡೊದ ಐನು ಜನರ ಭಾಷೆ ಇವತ್ತು ಅಳಿವಿನ ಅಂಚಿನಲ್ಲಿದೆ. ಅವರನ್ನು ಮೂಲನಿವಾಸಿಗಳು ಅಂತ ಕಾನೂನಿನಲ್ಲಿ ಬರೆದದ್ದು 2019ರಲ್ಲಿ. 'ಜಪಾನ್ ನೋಡಿ, ಒಂದೇ ಭಾಷೆ' ಅಂತ ಹೊಗಳುವಾಗ ಆ ಹಲಗೆಯೂ ನಮ್ಮ ನೆನಪಿನಲ್ಲಿರಬೇಕು.

ಇನ್ನು ಮರ್ಯಾದೆಯ ಮಾತು. ಜಪಾನೀಸಿನ ಸೊಗಸೇ ಅದು ಅಂತ ಎಲ್ಲರೂ ಹೇಳುತ್ತಾರೆ. ಎದುರಿನವರನ್ನು ಏರಿಸುವ ಕ್ರಿಯಾಪದ ಬೇರೆ, ನಮ್ಮನ್ನು ತಗ್ಗಿಸಿಕೊಳ್ಳುವುದು ಬೇರೆ. ಆದರೆ ನೀರು ನುಗ್ಗಿ ಬರುವಾಗ ಆ ಮರ್ಯಾದೆಯೇ ಅಡ್ಡ ನಿಲ್ಲಬಹುದು. 2011ರ ಮಾರ್ಚ್ 11ರಂದು ಭಾರಿ ಭೂಕಂಪವಾಗಿ ಸುನಾಮಿ ಬಂದಾಗ ಇಬರಾಕಿ ಪ್ರಾಂತ್ಯದ ಓಅರಾಯ್ ಅನ್ನುವ ಸಣ್ಣ ಊರಿನ ಧ್ವನಿವರ್ಧಕಗಳು 'ದಯವಿಟ್ಟು' ಅನ್ನಲಿಲ್ಲ. 'ಹಿನಾನ್ ಸೆಯೊ' ಅಂದವು. ಜಾಗ ಖಾಲಿ ಮಾಡು ಅನ್ನುವ ನೇರ ಆಜ್ಞೆ ಅದು. ಸರ್ಕಾರದ ಬಾಯಲ್ಲಿ ಯಾರೂ ಕೇಳದ ಧಾಟಿ. ಜನ ಬೆಚ್ಚಿ ಎದ್ದು ಎತ್ತರಕ್ಕೆ ಹೋದರು. ಅಲೆ ಸುಮಾರು ನಾಲ್ಕು ಮೀಟರ್ ಬಂತು, ಆ ಊರಿನಲ್ಲಿ ಸುನಾಮಿಗೆ ಯಾರೂ ಬಲಿಯಾಗಲಿಲ್ಲ. ಆಮೇಲೆ ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ ಟೀವಿಯವರೂ ತಮ್ಮ ಸಮಾಧಾನದ ಧಾಟಿ ಬದಲಿಸಿದರು. 2024ರ ಜನವರಿ 1ರಂದು ನೊತೊ ಪರ್ಯಾಯದ್ವೀಪದಲ್ಲಿ ಭೂಕಂಪವಾದಾಗ ಸುದ್ದಿ ಓದುವಾಕೆ ಗಂಟಲು ಏರಿಸಿ 'ಈಗಲೇ ಓಡಿ' ಅಂತ ಕೂಗಿದ್ದನ್ನು ನೀವೂ ನೋಡಿರಬಹುದು. ಪರದೆಯ ಮೇಲೆ ಕಾಂಜಿ ಬಿಟ್ಟು, ಮಕ್ಕಳೂ ಓದುವ ಹಿರಗಾನದಲ್ಲಿ, ದಪ್ಪ ಅಕ್ಷರದಲ್ಲಿ: ಸುನಾಮಿ! ಓಡಿ!

ನಮ್ಮಲ್ಲಿ ಹೊಳೆ ಉಕ್ಕಿದಾಗ ಏನು ಬರೆಯುತ್ತೇವೆ? 'ನದಿಪಾತ್ರದ ಸಾರ್ವಜನಿಕರು ಸುರಕ್ಷಿತ ಸ್ಥಳಗಳಿಗೆ ಸ್ಥಳಾಂತರಗೊಳ್ಳಬೇಕೆಂದು ಈ ಮೂಲಕ ಸೂಚಿಸಲಾಗಿದೆ.' ಇದು ಹುಟ್ಟಾ ಕನ್ನಡಿಗರಿಗೇ ಭಾರ. ರಾಯಚೂರಿನ ಗದ್ದೆಯಲ್ಲಿ ಕೆಲಸಕ್ಕೆ ಬಂದ ಬೇರೆ ರಾಜ್ಯದವನ ಪಾಡೇನು? 'ಹೊಳೆ ಉಕ್ಕುತ್ತಿದೆ. ಈಗಲೇ ಎತ್ತರಕ್ಕೆ ಹೋಗಿ' ಅಂತ ಬರೆದರೆ ಕನ್ನಡದ ಮಾನ ಹೋಗುವುದಿಲ್ಲ.

ಸುಲಭ ಜಪಾನೀಸಿಗೆ ಅಲ್ಲೂ ವಿರೋಧ ಇದೆ. ಇದು ಮಕ್ಕಳ ಭಾಷೆ, ಹೊರಗಿನವರನ್ನು ಸಣ್ಣವರಾಗಿ ನೋಡಿದ ಹಾಗಾಗುತ್ತದೆ ಅನ್ನುವ ಮಾತು. ವರ್ಷಗಟ್ಟಲೆ ಓದಿ ಚೆನ್ನಾಗಿ ಕಲಿತವರ ಮುಂದೆ ಬರೀ ಮುಖ ನೋಡಿ ಹಾಗೆ ಮಾತಾಡಿದರೆ ಬೇಜಾರಾಗುವುದು ಸಹಜ. ಆ ಬೇಜಾರು ನನಗೆ ಅರ್ಥವಾಗುತ್ತದೆ. ಆದರೂ ಆಫೀಸಿನ ಕಾಗದ, ಆಸ್ಪತ್ರೆಯ ಚೀಟಿ, ಸ್ಕೂಲಿನ ಪತ್ರ ಸುಲಭವಾಗಿದ್ದರೆ ಯಾರಿಗೂ ನಷ್ಟವಿಲ್ಲ. ಅಲ್ಲಿನ ವಯಸ್ಸಾದವರಿಗೂ ಅದು ಬೇಕು.

ಸುಲಭ ಮಾಡದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ನರ್ಸ್‌ಗಳ ಕತೆ ಸಾಕು. 2008ರಿಂದ ಒಪ್ಪಂದದ ಮೇಲೆ ಇಂಡೋನೇಷ್ಯಾದಿಂದ, ಆಮೇಲೆ ಫಿಲಿಪ್ಪೀನ್ಸ್‌ನಿಂದ ನರ್ಸ್‌ಗಳನ್ನು ಕರೆಸಿಕೊಂಡರು. ತಮ್ಮ ದೇಶದಲ್ಲಿ ಕೆಲಸ ಮಾಡಿ ಪಳಗಿದವರು. 2009ರ ಜಪಾನಿನ ನರ್ಸ್ ಪರೀಕ್ಷೆಯಲ್ಲಿ ಇವರಲ್ಲಿ 82 ಜನ ಕೂತರು, ಒಬ್ಬರೂ ಪಾಸಾಗಲಿಲ್ಲ. ಮರುವರ್ಷ 254ರಲ್ಲಿ ಮೂವರು. ಮಲಗಿದಲ್ಲೇ ಇರುವ ರೋಗಿಯ ಬೆನ್ನಿನ ಹುಣ್ಣನ್ನು ಒರೆಸಿ ಆರೈಕೆ ಮಾಡಲು ಅವರಿಗೆ ಬರುತ್ತಿತ್ತು. ಪ್ರಶ್ನೆಪತ್ರಿಕೆಯಲ್ಲಿ ಅದೇ ಹುಣ್ಣಿಗೆ ಬರೆದ ಕಾಂಜಿ ಓದಲು ಆಗುತ್ತಿರಲಿಲ್ಲ. ಕೊನೆಗೆ ಸರ್ಕಾರ ಪ್ರಶ್ನೆಗಳ ಭಾಷೆ ತಿದ್ದಿತು, ಇವರಿಗೆ ಕಾಂಜಿಯ ಜೊತೆ ಓದುವ ಬಗೆ ಕೊಟ್ಟಿತು, ಸಮಯವನ್ನೂ ಹೆಚ್ಚಿಸಿತು. ಇದನ್ನು ಮೊದಲೇ ಮಾಡಿದ್ದರೆ ಎಷ್ಟೋ ಜನ ಸೋತು ಊರಿಗೆ ವಾಪಸ್ ಹೋಗುವುದು ತಪ್ಪುತ್ತಿತ್ತು.

ಈಗ ಭಾರತ ಮತ್ತು ಜಪಾನ್ ನಡುವಿನ 2021ರ ಒಪ್ಪಂದದಿಂದ ನಮ್ಮ ಹುಡುಗ ಹುಡುಗಿಯರಿಗೂ ಅಲ್ಲಿ ವೃದ್ಧರನ್ನು ನೋಡಿಕೊಳ್ಳುವಂಥ ಕೆಲಸಗಳಿಗೆ ದಾರಿ ತೆರೆದಿದೆ. ಬೆಂಗಳೂರಿನಲ್ಲಿ ಕೂತು ಜಪಾನೀಸ್ ಕಲಿಯುತ್ತಿರುವವರಿಗೆ ನನ್ನದೊಂದು ಮಾತು. ಎನ್‌ಎಚ್‌ಕೆ 2012ರಿಂದ ಸುಲಭ ಜಪಾನೀಸಿನಲ್ಲಿ ಸುದ್ದಿ ಕೊಡುತ್ತಿದೆ, ಅದನ್ನು ದಿನಾ ಓದಿ. ಅಲ್ಲಿ ಹೋದ ಮೇಲೆ ವಾರ್ಡ್ ಆಫೀಸಿನಲ್ಲಾಗಲಿ ಆಸ್ಪತ್ರೆಯಲ್ಲಾಗಲಿ ಮಾತು ಅರ್ಥವಾಗದಿದ್ದರೆ ತಲೆಯಾಡಿಸಿ ಬಂದುಬಿಡಬೇಡಿ. 'ಯಾಸಾಶಿ ನಿಹೊಂಗೊ ದೆ ಒನೆಗಾಯ್ ಶಿಮಾಸು', ದಯವಿಟ್ಟು ಸುಲಭ ಜಪಾನೀಸಿನಲ್ಲಿ ಹೇಳಿ, ಅಂತ ಕೇಳಿ. 2020ರಲ್ಲಿ ಸರ್ಕಾರವೇ ಇದಕ್ಕೆ ಕೈಪಿಡಿ ಮಾಡಿ ಕೊಟ್ಟಿದೆ. ಕೌಂಟರಿನಲ್ಲಿ ಕೂತವರು ಮತ್ತೊಮ್ಮೆ, ನಿಧಾನವಾಗಿ, ಬಿಡಿಸಿ ಹೇಳಬೇಕು.